ಅಗ್ಗದ ಡೀಸೆಲ್ ಕಾರು ಮತ್ತು ನಿಂತುಹೋದ ಬಸ್ಸು

ದಿನವೂ ನೂರಾರು ಕಿಲೋಮೀಟರ್ ಓಡಾಡಬೇಕಾದವನು ಯಾವ ಕಾರು ಕೊಳ್ಳಬೇಕು ಎಂದು ಕೇಳಿದರೆ ಜಗತ್ತಿನ ಯಾವ ಗ್ಯಾರೇಜಿನಲ್ಲೂ ಬಹುಮಟ್ಟಿಗೆ ಒಂದೇ ಉತ್ತರ ಸಿಗುತ್ತಿತ್ತು, ಇಂದಿಗೂ ಸಿಗುತ್ತಿದೆ: ಹಳೆಯದೊಂದು ಡೀಸೆಲ್ ಗಾಡಿ ನೋಡಿಕೋ. ಬೆಲೆ ಕಡಿಮೆ, ಮೈಲೇಜ್ ಹೆಚ್ಚು, ಎಂಜಿನ್ ಗಟ್ಟಿ, ಹಿಂದೆ ಎರಡು ಚೀಲ ಗೊಬ್ಬರವನ್ನೂ ಹಾಕಬಹುದು. ಈ ನಾಲ್ಕು ಮಾತುಗಳಲ್ಲಿ ಒಂದೂ ಪೂರ್ತಿ ಸುಳ್ಳಲ್ಲ. ಸುಳ್ಳು ಇರುವುದು ಲೆಕ್ಕದಿಂದ ಹೊರಗುಳಿದ ಬಾಬತ್ತುಗಳಲ್ಲಿ. ಹಳೆಯ ಡೀಸೆಲ್ ಗಾಡಿ ಅಗ್ಗವಾಗಿರುವುದು ಅದರ ಖರ್ಚಿನ ದೊಡ್ಡ ಪಾಲನ್ನು ಕೊಂಡವನಲ್ಲದ ಬೇರೆ ಯಾರೋ ತೆರುತ್ತಿರುವುದರಿಂದ. ಆ 'ಬೇರೆ ಯಾರೋ' ರಸ್ತೆ ಬದಿಯಲ್ಲಿ ಬಸ್ಸಿಗಾಗಿ ಕಾದು ನಿಂತಿರುತ್ತಾರೆ.

ಇಂಗ್ಲೆಂಡಿನ ಉದಾಹರಣೆಯಿಂದ ಆರಂಭಿಸುವುದು ಉಚಿತ, ಏಕೆಂದರೆ ಈ ರೋಗ ಅಲ್ಲಿ ಪೂರ್ತಿ ಬೆಳೆದು ಫಲ ಕೊಟ್ಟಾಗಿದೆ. ಅಲ್ಲಿನ ದೂರಪ್ರಯಾಣಿಕರ ಅಚ್ಚುಮೆಚ್ಚು 'ಎಸ್ಟೇಟ್ ಕಾರು'. ಚಿಕ್ಕಮಗಳೂರು, ಕೊಡಗಿನವರಿಗೆ ಎಸ್ಟೇಟ್ ಎಂದರೆ ಕಾಫಿ ತೋಟ. ಬ್ರಿಟಿಷರು ಹಿಂಭಾಗ ಉದ್ದವಾಗಿ ಚಾಚಿದ, ಸಾಮಾನು ತುಂಬಲು ಅನುಕೂಲವಾದ ಕಾರಿಗೂ ಅದೇ ಹೆಸರಿಟ್ಟರು. ಜಮೀನುದಾರರ ಬಂಗಲೆಗೂ ರೈಲು ನಿಲ್ದಾಣಕ್ಕೂ ನಡುವೆ ಅತಿಥಿಗಳನ್ನು, ಪೆಟ್ಟಿಗೆಗಳನ್ನು ಸಾಗಿಸಿದ ಗಾಡಿಯ ವಂಶಜ ಅದು. ಅಮೆರಿಕದವರು ಅದನ್ನು 'ಸ್ಟೇಷನ್ ವ್ಯಾಗನ್' ಎಂದೇ ಕರೆದರು. ರೈಲಿಗೆ ಪೂರಕವಾಗಿ ಹುಟ್ಟಿದ ವಾಹನವೇ ರೈಲಿಲ್ಲದ ಊರಿನ ಗತಿಯಾದದ್ದು ವಿಪರ್ಯಾಸ. ರಿಚರ್ಡ್ ಬೀಚಿಂಗ್ ಅವರ 1963ರ ವರದಿ ಲಾಭವಿಲ್ಲವೆಂಬ ಕಾರಣಕ್ಕೆ 2,363 ನಿಲ್ದಾಣಗಳನ್ನು ಮುಚ್ಚಲು ಶಿಫಾರಸು ಮಾಡಿತು. ಅಂದಿನ ಸಾರಿಗೆ ಸಚಿವ ಅರ್ನೆಸ್ಟ್ ಮಾರ್ಪಲ್ಸ್ ರಸ್ತೆ ನಿರ್ಮಾಣದ ಕಂಪನಿಯೊಂದರ ಸ್ಥಾಪಕರಲ್ಲಿ ಒಬ್ಬರು ಎಂಬುದನ್ನು ಇಲ್ಲಿ ನೆನೆಯಬೇಕು. 1986ರಲ್ಲಿ ಲಂಡನ್ನಿನ ಹೊರಗಿನ ಬಸ್ ಸೇವೆಯನ್ನು ಮಾರುಕಟ್ಟೆಯ ಕೈಗೊಪ್ಪಿಸಲಾಯಿತು. ಲಾಭ ತರುವ ಮಾರ್ಗಕ್ಕೆ ಕಂಪನಿಗಳು ಮುಗಿಬಿದ್ದವು. ಗುಡ್ಡಗಾಡಿನ ಹಳ್ಳಿಗಳು ಸರ್ಕಾರಿ ಸಹಾಯಧನವನ್ನು ನಂಬಿ ಉಳಿದವು. ಹೀಗೆ ರೈಲು, ಬಸ್ಸು ಎರಡನ್ನೂ ಕಳೆದುಕೊಂಡ ಹಳ್ಳಿಗನಿಗೆ 'ನಿನಗೆ ಯಾವ ಕಾರು ಬೇಕೋ ನೀನೇ ಆರಿಸಿಕೋ' ಎಂಬ ಸ್ವಾತಂತ್ರ್ಯ ದೊರೆಯಿತು!

ಆ ಆಯ್ಕೆಯನ್ನೂ ಸರ್ಕಾರವೇ ಡೀಸೆಲ್ಲಿನ ಕಡೆ ಬಾಗಿಸಿತು. 2001ರಿಂದ ಬ್ರಿಟನ್ನಿನಲ್ಲಿ ಹೊಸ ಕಾರಿನ ತೆರಿಗೆಯನ್ನು ಅದು ಉಗುಳುವ ಇಂಗಾಲದ ಡೈಆಕ್ಸೈಡಿನ ಪ್ರಮಾಣದ ಮೇಲೆ ನಿಗದಿ ಮಾಡಲಾಯಿತು. ಒಂದೇ ದೂರಕ್ಕೆ ಡೀಸೆಲ್ ಎಂಜಿನ್ ಕಡಿಮೆ ಇಂಧನ ಕುಡಿಯುತ್ತದೆ, ಆದ್ದರಿಂದ ಕಡಿಮೆ ಇಂಗಾಲ ಉಗುಳುತ್ತದೆ ಎಂಬುದು ನಿಜ. ಆದರೆ ಅದೇ ಎಂಜಿನ್ ಮಸಿಯ ಕಣಗಳನ್ನೂ ಸಾರಜನಕದ ಆಕ್ಸೈಡುಗಳನ್ನೂ ಹೆಚ್ಚು ಉಗುಳುತ್ತದೆ ಎಂಬ ಇನ್ನೊಂದು ನಿಜವನ್ನು ತೆರಿಗೆಯ ಕೋಷ್ಟಕ ಬದಿಗಿಟ್ಟಿತು. 2000ದಲ್ಲಿ ಅಲ್ಲಿ ಮಾರಾಟವಾದ ಹೊಸ ಕಾರುಗಳಲ್ಲಿ ಡೀಸೆಲ್ಲಿನ ಪಾಲು ಶೇ. 14ರಷ್ಟಿತ್ತು, 2011ರಲ್ಲಿ ಅರ್ಧ ದಾಟಿತು. 'ಹಸಿರು' ಎಂಬ ಬಿರುದಿನೊಂದಿಗೆ ಹೊಗೆ ಮಾರಾಟವಾಯಿತು.

2015ರ ಸೆಪ್ಟೆಂಬರಿನಲ್ಲಿ ಫೋಕ್ಸ್‌ವ್ಯಾಗನ್ ಕಂಪನಿಯ ಬಣ್ಣ ಬಯಲಾದದ್ದನ್ನು ವಿದ್ಯಾರ್ಥಿಗಳು ವಿವರವಾಗಿ ತಿಳಿಯಬೇಕು. ಸುಮಾರು 1.1 ಕೋಟಿ ಡೀಸೆಲ್ ಕಾರುಗಳಲ್ಲಿ ಆ ಕಂಪನಿ ಒಂದು ತಂತ್ರಾಂಶ ಅಡಗಿಸಿತ್ತು. ಚಕ್ರ ತಿರುಗುತ್ತಿದೆ, ಸ್ಟೀರಿಂಗ್ ಮಾತ್ರ ಅಲುಗುತ್ತಿಲ್ಲ ಎಂಬಂಥ ಸುಳಿವುಗಳಿಂದ ಕಾರು ಈಗ ಪರೀಕ್ಷಾಲಯದಲ್ಲಿದೆ ಎಂದು ಅದು ಊಹಿಸುತ್ತಿತ್ತು. ಕೂಡಲೇ ಎಂಜಿನ್ನನ್ನು ಸಭ್ಯಸ್ಥನನ್ನಾಗಿಸುತ್ತಿತ್ತು. ರಸ್ತೆಗಿಳಿದೊಡನೆ ಸಾರಜನಕದ ಆಕ್ಸೈಡುಗಳು ಮಿತಿಯ 40 ಪಟ್ಟಿನವರೆಗೂ ಏರುತ್ತಿದ್ದವು. ಇದು ಪರದೇಶದ ಕಥೆ ಎಂದು ಸುಮ್ಮನಿರುವಂತಿಲ್ಲ. ಅದೇ ವರ್ಷ ಡಿಸೆಂಬರಿನಲ್ಲಿ ಭಾರತದಲ್ಲೂ ಮೂರು ಲಕ್ಷಕ್ಕೂ ಹೆಚ್ಚು ಕಾರುಗಳನ್ನು ಹಿಂದಕ್ಕೆ ಕರೆಸಿ ಸರಿಪಡಿಸುವುದಾಗಿ ಕಂಪನಿ ಪ್ರಕಟಿಸಿತು. 2019ರ ಮಾರ್ಚ್‌ನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 500 ಕೋಟಿ ರೂಪಾಯಿ ದಂಡ ವಿಧಿಸಿತು. ಎರಡೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ದಂಡ ವಸೂಲಿಗೆ ತಡೆ ನೀಡಿತು.

ಮುಂದಿನದು ಗುಡ್ಡದ ಜನರಿಗೆ ನೇರವಾಗಿ ತಟ್ಟುವ ಸಂಗತಿ. 2019ರ ಏಪ್ರಿಲ್‌ನಿಂದ ಲಂಡನ್ನಿನ ಕೇಂದ್ರಭಾಗಕ್ಕೆ, 2023ರ ಆಗಸ್ಟ್‌ನಿಂದ ಇಡೀ ನಗರಕ್ಕೆ, 'ಯೂರೋ-6' ಮಟ್ಟ ಮುಟ್ಟದ ಡೀಸೆಲ್ ಕಾರು ತಂದವರು ದಿನಕ್ಕೆ ಹನ್ನೆರಡೂವರೆ ಪೌಂಡ್ ತೆರಬೇಕಾಯಿತು. ದೆಹಲಿಯಲ್ಲಿ ಇದಕ್ಕೂ ಮೊದಲೇ, 2015ರ ಏಪ್ರಿಲ್‌ನಲ್ಲಿ, ಹತ್ತು ವರ್ಷ ದಾಟಿದ ಡೀಸೆಲ್ ವಾಹನ ಓಡಬಾರದೆಂದು ಹಸಿರು ನ್ಯಾಯಮಂಡಳಿ ಆದೇಶಿಸಿತ್ತು. 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. (2025ರಲ್ಲಿ ಅದೇ ನ್ಯಾಯಾಲಯ ವಯಸ್ಸೊಂದನ್ನೇ ನೋಡಿ ಕ್ರಮ ಕೈಗೊಳ್ಳದಂತೆ ಹಿಡಿತ ಸಡಿಲಿಸಿತು.) ಹೀಗೆ ನಿಷೇಧಕ್ಕೊಳಗಾದ ಗಾಡಿಗಳೆಲ್ಲ ಗುಜರಿಗೆ ಹೋದವೇ? ನಿರಾಕ್ಷೇಪಣಾ ಪತ್ರ ಪಡೆದರೆ ಬೇರೆ ರಾಜ್ಯಗಳಿಗೆ ಮಾರಬಹುದಿತ್ತು, ಮಾರಿದರು. ರಾಜಧಾನಿಯ ಮಕ್ಕಳ ಶ್ವಾಸಕೋಶಕ್ಕೆ ವಿಷವೆಂದು ತೀರ್ಮಾನವಾದ ಹೊಗೆ ಸಾವಿರಾರು ಕಿಲೋಮೀಟರ್ ಆಚೆಯ ಮಕ್ಕಳಿಗೆ 'ಒಳ್ಳೆಯ ಡೀಲ್' ಆಯಿತು. ಪೇಟೆ ಬೇಡವೆಂದದ್ದು ಹಳ್ಳಿಯಲ್ಲಿ ಅಗ್ಗ. ಈ ಅಗ್ಗವನ್ನು ಅದೃಷ್ಟವೆಂದು ಕರೆಯುವವರು ಕಸದ ತೊಟ್ಟಿಯನ್ನೂ ಉಡುಗೊರೆಯೆಂದು ಕರೆಯಬಹುದು.

ಭಾರತದಲ್ಲಿ ಎಸ್ಟೇಟ್ ಕಾರು ಬೇರೂರಲಿಲ್ಲ. ಟಾಟಾ ಕಂಪನಿ 1992ರಲ್ಲಿ 'ಎಸ್ಟೇಟ್' ಎಂಬ ಹೆಸರಿನಲ್ಲೇ, 2004ರಲ್ಲಿ 'ಇಂಡಿಗೋ ಮರೀನಾ' ಎಂಬ ಹೆಸರಿನಲ್ಲಿ ಪ್ರಯತ್ನಿಸಿ ಕೈಬಿಟ್ಟಿತು. ಆ ಜಾಗವನ್ನು ಸುಮೋ, ಬೊಲೆರೋ ಮತ್ತು ಬಿಡದಿಯಲ್ಲೇ ತಯಾರಾದ ಕ್ವಾಲಿಸ್, ಇನ್ನೋವಾಗಳು ತುಂಬಿದವು. ಅವುಗಳಿಗೆ ಬಲ ತುಂಬಿದ್ದು ಡೀಸೆಲ್ ದರದ ರಾಜಕಾರಣ. ರೈತನ ಪಂಪಿಗೆ, ಸಾರ್ವಜನಿಕ ಸಾರಿಗೆಗೆ ಎಂದು ದರವನ್ನು ತಗ್ಗಿಸಿಡಲಾಗಿತ್ತು. 2012ರಲ್ಲಿ ಒಂದು ಹಂತದಲ್ಲಿ ಪೆಟ್ರೋಲಿಗೂ ಡೀಸೆಲ್ಲಿಗೂ ಅಂತರ ಲೀಟರಿಗೆ 30 ರೂಪಾಯಿ ಮೀರಿತ್ತು. ರೈತನ ಹೆಸರಿನ ಸಹಾಯಧನವನ್ನು ಸಿರಿವಂತರ ದೊಡ್ಡ ಗಾಡಿಗಳು ಕುಡಿದವು. 2014ರ ಅಕ್ಟೋಬರಿನಲ್ಲಿ ದರ ನಿಯಂತ್ರಣ ಹೋಯಿತು. ಅಂತರವೂ ಬಹುಪಾಲು ಕರಗಿತು. 'ಡೀಸೆಲ್ ಎಂದರೆ ಲಾಭ' ಎಂಬ ನಂಬಿಕೆ ಮಾತ್ರ ಹತ್ತು ವರ್ಷ ಹಿಂದಿನ ದರಪಟ್ಟಿಯನ್ನೇ ಹಿಡಿದುಕೊಂಡು ಕುಳಿತಿದೆ.

ಇನ್ನು ಹೊಗೆಯ ವಿಚಾರ. 2020ರ ಏಪ್ರಿಲ್‌ನಲ್ಲಿ ಬಿ.ಎಸ್.-6 ಜಾರಿಗೆ ಬರುವವರೆಗೆ ಭಾರತದ ಬಹುತೇಕ ಡೀಸೆಲ್ ಕಾರುಗಳಿಗೆ ಮಸಿ ಹಿಡಿಯುವ ಶೋಧಕವೇ ಇರಲಿಲ್ಲ. ಬಿ.ಎಸ್.-3 ಕಾರಿಗೆ ಕಿಲೋಮೀಟರಿಗೆ 50 ಮಿಲಿಗ್ರಾಂ ಮಸಿಕಣದ ಅವಕಾಶವಿತ್ತು, ಬಿ.ಎಸ್.-4ಕ್ಕೆ 25, ಬಿ.ಎಸ್.-6ಕ್ಕೆ ನಾಲ್ಕೂವರೆ. ಅಗ್ಗಕ್ಕೆ ಸಿಗುವುದು ಮೊದಲ ಎರಡು ಬಗೆಯವೇ. ಅದೂ ಹೊಸದಾಗಿದ್ದಾಗಿನ ಮಿತಿ. ಮೂರನೆಯದು ಸಿಕ್ಕರೂ ಘಟ್ಟದಲ್ಲಿ ಬೇರೆ ತೊಡಕಿದೆ. ಶೋಧಕದಲ್ಲಿ ಸೇರಿದ ಮಸಿಯನ್ನು ಗಾಡಿ ಸುಮಾರು 600 ಡಿಗ್ರಿ ಶಾಖದಲ್ಲಿ ತಾನೇ ಸುಟ್ಟುಕೊಳ್ಳಬೇಕು. ಅದಕ್ಕೆ ಒಂದಿಷ್ಟು ಹೊತ್ತು ಒಂದೇ ವೇಗದ ಓಟ ಬೇಕು. ತಿರುವು, ಹಂಪು, ಪೇಟೆಯ ನಿಲುಗಡೆಗಳ ನಡುವೆ ಆ ಸುಡುವ ಕೆಲಸ ಅರ್ಧಕ್ಕೇ ನಿಂತರೆ ಶೋಧಕ ಕಟ್ಟಿಕೊಳ್ಳುತ್ತದೆ. ಆಗ 'ತೆಗೆಸಿಬಿಡಿ ಸ್ವಾಮಿ, ಪಿಕಪ್ ಜಾಸ್ತಿಯಾಗುತ್ತೆ' ಎಂಬ ಸಲಹೆ ಬರುತ್ತದೆ. ಬ್ರಿಟನ್ನಿನಲ್ಲಿ ಇಂಥ ಸಲಹೆ ಎಷ್ಟು ಹಬ್ಬಿತ್ತೆಂದರೆ, ಶೋಧಕ ಕಾಣೆಯಾದ ಕಾರನ್ನು ವಾರ್ಷಿಕ ತಪಾಸಣೆಯಲ್ಲೇ ಅನುತ್ತೀರ್ಣಗೊಳಿಸುವ ನಿಯಮವನ್ನು 2014ರಲ್ಲಿ ತರಬೇಕಾಯಿತು. ಇಲ್ಲಿನ ಹೊಗೆ ತಪಾಸಣೆಯ ಚೀಟಿಯಾದರೋ ಡೀಸೆಲ್ ಗಾಡಿಯ ಹೊಗೆ ಎಷ್ಟು ದಟ್ಟ ಎಂಬುದನ್ನಷ್ಟೇ ಹೇಳುತ್ತದೆ. ಕಣ್ಣಿಗೆ ಕಾಣದ ಸಾರಜನಕದ ಆಕ್ಸೈಡುಗಳನ್ನು ಅದು ಅಳೆಯುವುದೇ ಇಲ್ಲ. ಡೀಸೆಲ್ ಹೊಗೆಯಿಂದ ಶ್ವಾಸಕೋಶದ ಕ್ಯಾನ್ಸರ್ ಬರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2012ರಲ್ಲೇ ಸ್ಪಷ್ಟವಾಗಿ ಹೇಳಿದೆ. ಚಳಿಗಾಲದ ಬೆಳಗ್ಗೆ ಕಣಿವೆಯ ತಳದಲ್ಲಿ ತಣ್ಣನೆಯ ಗಾಳಿ ಕದಲದೆ ಮಲಗಿರುತ್ತದೆ. ಅದರೊಳಗೆ ಬಿಟ್ಟ ಹೊಗೆ ಬಿಸಿಲೇರುವವರೆಗೆ ಅಲ್ಲೇ ಇರುತ್ತದೆ. ಶಾಲೆಗೆ ಹೊರಟ ಮಕ್ಕಳು ರಸ್ತೆಗೆ ಬರುವುದೂ ಅದೇ ಹೊತ್ತಿಗೆ.

ಇರಲಿ, ದುಡ್ಡಿನ ಲೆಕ್ಕವನ್ನೇ ಮಾಡೋಣವೆಂದರೆ ಅದೂ ನಿಲ್ಲುವುದಿಲ್ಲ. ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಸುಮಾರು 60 ಕಿಲೋಮೀಟರ್. ಮಂಡಗದ್ದೆ, ಸಕ್ರೆಬೈಲು, ಗಾಜನೂರು ದಾಟಿ ದಿನವೂ ಹೋಗಿಬರುವ ನೌಕರನೊಬ್ಬ ತಿಂಗಳಿಗೆ 22 ದಿನದಂತೆ ವರ್ಷಕ್ಕೆ 31,680 ಕಿಲೋಮೀಟರ್ ಓಡಿಸುತ್ತಾನೆ. ಹಳೆಯ ದೊಡ್ಡ ಗಾಡಿ ಲೀಟರಿಗೆ 15 ಕಿಲೋಮೀಟರ್ ಕೊಟ್ಟಿತೆಂದು ಹಿಡಿದರೆ 2,112 ಲೀಟರ್. ಲೀಟರಿಗೆ 90 ರೂಪಾಯಿಯಂತೆ ಇಂಧನವೊಂದಕ್ಕೇ 1,90,080 ರೂಪಾಯಿ. ಮೂರು ಲಕ್ಷಕ್ಕೆ ಸಿಕ್ಕಿತೆಂದು ಹಿಗ್ಗಿ ತಂದ ಗಾಡಿ ಎರಡು ವರ್ಷ ತುಂಬುವುದರೊಳಗೆ ತನ್ನ ಬೆಲೆಗಿಂತ ಹೆಚ್ಚಿನ ಡೀಸೆಲ್ ಕುಡಿದಿರುತ್ತದೆ. ಕೊಳ್ಳುವಾಗಲೇ ಒಂದೂವರೆ ಲಕ್ಷ ಕಿಲೋಮೀಟರ್ ಓಡಿದ್ದ ಗಾಡಿಯಾದರೆ (ಮೀಟರ್ ಹಿಂದಕ್ಕೆ ತಿರುಗಿಸಿರದಿದ್ದರೆ!) ಐದು ವರ್ಷದಲ್ಲಿ ಅದು ಮೂರು ಲಕ್ಷ ದಾಟುತ್ತದೆ. ಇಂಜೆಕ್ಟರ್, ಟರ್ಬೊ, ಕ್ಲಚ್ಚುಗಳು ಒಂದೊಂದಾಗಿ ಕೈಕೊಡುವುದು ಈ ಅವಧಿಯಲ್ಲೇ. ಆ ದುರಸ್ತಿಯ ಚೀಟಿಯನ್ನು 'ಅಗ್ಗ'ದ ಪಕ್ಕದಲ್ಲಿ ಯಾರೂ ಇಟ್ಟು ನೋಡುವುದಿಲ್ಲ. ವಾತಾವರಣಕ್ಕೆ ಸೇರುವ ಇಂಗಾಲದ ಡೈಆಕ್ಸೈಡ್ ವರ್ಷಕ್ಕೆ ಐದೂವರೆ ಟನ್ನಿಗೂ ಹೆಚ್ಚು.

ಅದೇ 60 ಕಿಲೋಮೀಟರಿಗೆ ಲೀಟರಿಗೆ ನಾಲ್ಕೂವರೆ ಕಿಲೋಮೀಟರ್ ಓಡುವ ಬಸ್ಸು ಹದಿಮೂರು ಚಿಲ್ಲರೆ ಲೀಟರ್ ಸುಡುತ್ತದೆ. ಐವತ್ತು ಜನ ಕುಳಿತರೆ ತಲೆಗೆ ಕಾಲು ಲೀಟರಿನ ಆಸುಪಾಸು. ಅರ್ಧ ಖಾಲಿ ಓಡಿದರೂ ಅರ್ಧ ಲೀಟರು. ಒಬ್ಬನೇ ಕುಳಿತ ಕಾರಿನದು ನಾಲ್ಕು ಲೀಟರು. ಬಸ್ಸೂ ಡೀಸೆಲ್ಲೇ ತಾನೇ ಎಂದು ವಾದಿಸುವವರು ಈ ಭಾಗಾಕಾರವನ್ನು ಒಮ್ಮೆ ಮಾಡಲಿ. ಪರಿಸರ ಸಭೆಗಳಿಗೆ ಒಬ್ಬೊಬ್ಬರೇ ಒಂದೊಂದು ಗಾಡಿಯಲ್ಲಿ ಬಂದಿಳಿಯುವ ಗಣ್ಯರೂ ಮಾಡಬಹುದು.

ಬಸ್ಸೇ ಇಲ್ಲದಿದ್ದರೆ? ನ್ಯಾಯವಾದ ಪ್ರಶ್ನೆ. ಕೊಪ್ಪದ ಸಹಕಾರ ಸಾರಿಗೆಯ ಇತಿಹಾಸದಲ್ಲಿ ಇದಕ್ಕೆ ಒಂದು ಉತ್ತರವೂ ಒಂದು ಎಚ್ಚರಿಕೆಯೂ ಇವೆ. 1991ರಲ್ಲಿ ಖಾಸಗಿ ಬಸ್ ಕಂಪನಿಯೊಂದು ಬಾಗಿಲು ಹಾಕಿದಾಗ ಅದರ ಕಾರ್ಮಿಕರೇ ಸಂಘ ಕಟ್ಟಿ ಬಸ್ಸು ಓಡಿಸಿದರು. ಚಾಲಕ, ನಿರ್ವಾಹಕ, ಮೆಕ್ಯಾನಿಕ್ಕುಗಳೇ ಮಾಲೀಕರಾದ ಆ ಸಂಸ್ಥೆ ಮಲೆನಾಡಿನ ಮೂಲೆಮೂಲೆಯ ಹಳ್ಳಿಗಳನ್ನು ಸುಮಾರು ಮೂರು ದಶಕ ಬೆಸೆದಿತ್ತು. 2020ರಲ್ಲಿ, ನಷ್ಟ ತಾಳಲಾರದೆ, ಓಡಾಟ ನಿಲ್ಲಿಸಿತು. ಇಂಥ ಅವಸಾನಕ್ಕೆ ಕಾರಣ ಒಂದೇ ಇರುವುದಿಲ್ಲ. ಆದರೆ ಯಾವ ಹಳ್ಳಿ ಮಾರ್ಗವಾದರೂ ಬಡವಾಗುವ ಕ್ರಮ ಒಂದೇ ತೆರನಾದುದು: ಮೊದಲು ತಿಂಗಳ ಸಂಬಳದವರು ಬಸ್ಸಿನಿಂದ ಇಳಿಯುತ್ತಾರೆ. ಕೊನೆಯ ನಿಲ್ದಾಣದವರೆಗೆ ಪೂರ್ತಿ ಟಿಕೆಟ್ ಕೊಂಡು, ಬಸ್ಸು ತಡವಾದರೆ ದೂರು ಬರೆಯಬಲ್ಲವರು ಅವರೇ. ಉಳಿಯುವವರು ಪಾಸಿನ ಮಕ್ಕಳು, ಮುದುಕರು, ಆಸ್ಪತ್ರೆಗೆ ಹೋಗುವ ಬಾಣಂತಿಯರು, ಕೂಲಿಯ ಹೆಂಗಸರು. ಆದಾಯ ಇಳಿಯಿತೆಂದು ಮಧ್ಯಾಹ್ನದ ಟ್ರಿಪ್ಪು ರದ್ದಾಗುತ್ತದೆ, ಆಮೇಲೆ ಸಂಜೆಯದು. 'ಬಸ್ಸಿಲ್ಲ, ಏನು ಮಾಡುವುದು' ಎಂದು ಮತ್ತಿಬ್ಬರು ಹಳೆಯ ಡೀಸೆಲ್ ಗಾಡಿ ತರುತ್ತಾರೆ. 2023ರ ಜೂನ್ 11ರಂದು ಆರಂಭವಾದ 'ಶಕ್ತಿ' ಯೋಜನೆ ಮಹಿಳೆಯರಿಗೆ ಸರ್ಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣ ಕೊಟ್ಟಿತು. ಖಾಸಗಿ ಬಸ್ಸುಗಳನ್ನೇ ನೆಚ್ಚಿದ, ಸರ್ಕಾರಿ ಬಸ್ಸು ಕಾಲಿಡದ ಮಲೆನಾಡಿನ ಹಳ್ಳಿಯಲ್ಲಿ ಅದು ಪತ್ರಿಕೆಯ ಸುದ್ದಿಯಾಗಿಯೇ ಉಳಿಯಿತು.

ಗಾಡಿ ಕೊಂಡ ಮೇಷ್ಟ್ರನ್ನೋ ದಾದಿಯನ್ನೋ ಅಪರಾಧಿಯೆಂದು ಬೆರಳು ತೋರಿಸುವುದು ಸುಲಭ, ಅನ್ಯಾಯವೂ ಹೌದು. ರಾತ್ರಿ ಪಾಳಿ ಮುಗಿಸಿ ಬರುವವಳಿಗೆ ಬಸ್ಸಿನ ಉಪದೇಶ ಪ್ರಯೋಜನಕ್ಕೆ ಬಾರದು. ಕೊಳ್ಳಲೇಬೇಕಾದವರು ಉದ್ದನೆಯ ಗಾಡಿಯ ಖಾಲಿ ಹಿಂಭಾಗವನ್ನು ವರ್ಷವಿಡೀ ಹೊತ್ತು ತಿರುಗುವ ಬದಲು ಚಿಕ್ಕ ಗಾಡಿ ಕೊಳ್ಳಲಿ. ಡೀಸೆಲ್ಲೇ ಆಗಬೇಕೆಂದಿದ್ದರೆ 2020ರ ನಂತರದ್ದನ್ನು, ಶೋಧಕ ಇದೆಯೆಂದು ಗಾಡಿಯಡಿ ಬಗ್ಗಿ ನೋಡಿಸಿ, ಸರ್ವಿಸ್ ಪುಸ್ತಕವನ್ನು ಮೀಟರಿನೊಂದಿಗೆ ತಾಳೆ ಹಾಕಿ ಕೊಳ್ಳಲಿ. ಒಂದೇ ದಾರಿಯ ನಾಲ್ವರು ಸರದಿಯಂತೆ ನಾಲ್ಕು ಗಾಡಿಗಳ ಬದಲು ಒಂದನ್ನು ಹೊರತೆಗೆದರೆ ತಲೆಗೆ ನಾಲ್ಕು ಲೀಟರ್ ಹೋಗಿ ಒಂದಾಗುತ್ತದೆ. ಹೊಸ ವಿದ್ಯುತ್ ಕಾರು ಬಂದರೆ ಎಲ್ಲವೂ ಸರಿಹೋದೀತೆಂಬ ಮಾತು ಹೊಗೆಯ ಮಟ್ಟಿಗೆ ಒಪ್ಪತಕ್ಕದ್ದೇ. ಆದರೆ ಸಂಬಳದವರು ವಿದ್ಯುತ್ ಕಾರು ಹತ್ತಿದರೂ ಪಾಸಿನ ಮಕ್ಕಳ ಬಸ್ಸು ರದ್ದಾಗುವುದು ಹಾಗೆಯೇ ರದ್ದಾಗುತ್ತದೆ.

ಆದ್ದರಿಂದ ಜಗಳ ತೆಗೆಯಬೇಕಾದ ಜಾಗ ಸೆಕೆಂಡ್ ಹ್ಯಾಂಡ್ ಕಾರಿನ ಮಳಿಗೆಯಲ್ಲ, ಬಸ್ಸಿನ ವೇಳಾಪಟ್ಟಿ ಬರೆಯುವ ಮೇಜು. ಕಚೇರಿ ತೆರೆಯುವ ಮುನ್ನ ಜಿಲ್ಲಾ ಕೇಂದ್ರ ಮುಟ್ಟುವ ಒಂದು ಬಸ್ಸು, ಸಂಜೆ ಆರರ ನಂತರ ಹೊರಡುವ ಇನ್ನೊಂದು: ಪ್ರತಿ ಹೋಬಳಿಗೂ ಇವೆರಡು ದೊರೆತರೆ ಅರ್ಧಕ್ಕರ್ಧ ಗಾಡಿಗಳಿಗೆ ನೆಪವೇ ಉಳಿಯದು. ಮಾರ್ಗಗಳಿಗೆ ಪರವಾನಗಿ ಕೊಡುವ ಅಧಿಕಾರ ಪ್ರಾದೇಶಿಕ ಸಾರಿಗೆ ಪ್ರಾಧಿಕಾರದ ಕೈಯಲ್ಲಿದೆ, ಅದರ ಅಧ್ಯಕ್ಷರು ಜಿಲ್ಲಾಧಿಕಾರಿ. ಗ್ರಾಮಸಭೆಯ ನಡಾವಳಿಯಲ್ಲಿ ರಸ್ತೆ ಡಾಂಬರೀಕರಣದ ಬೇಡಿಕೆ ತಪ್ಪದೆ ದಾಖಲಾಗುತ್ತದೆ. ಆ ರಸ್ತೆಯ ಮೇಲೆ ಎಷ್ಟು ಗಂಟೆಗೆ ಬಸ್ಸು ಬರಬೇಕು ಎಂಬ ಬೇಡಿಕೆ ಎಷ್ಟು ಪಂಚಾಯಿತಿಗಳ ಪುಸ್ತಕದಲ್ಲಿದೆ ಎಂಬುದನ್ನು ಮಾಹಿತಿ ಹಕ್ಕಿನ ಅರ್ಜಿ ಹಾಕಿ ತಿಳಿಯುವ ಕೆಲಸವನ್ನು ಕಾಲೇಜು ವಿದ್ಯಾರ್ಥಿಗಳು ಈ ರಜೆಯಲ್ಲೇ ಕೈಗೆತ್ತಿಕೊಳ್ಳಬಹುದು. ಅರ್ಜಿಯ ಶುಲ್ಕ ಹತ್ತು ರೂಪಾಯಿ.