ಸಂಪುಟ ಟಿಪ್ಪಣಿಯಲ್ಲಿ ಇಲ್ಲದ ಪುಟ: ಮುಖ್ಯ ಕಾರ್ಯದರ್ಶಿಗಳಿಗೆ ಒಂದು ಬಹಿರಂಗ ಪತ್ರ

ಕರ್ನಾಟಕ ಸರ್ಕಾರದ ಮುಖ್ಯ ಕಾರ್ಯದರ್ಶಿಗಳಿಗೆ,

ಮಾನ್ಯರೇ,

ಸಚಿವ ಸಂಪುಟದ ಮುಂದೆ ಬರುವ ಪ್ರಸ್ತಾವಗಳು ಯಾವ ಕ್ರಮದಲ್ಲಿ ಸಿದ್ಧವಾಗಬೇಕೆಂಬುದನ್ನು 1977ರ ಕಾರ್ಯಕಲಾಪ ನಿರ್ವಹಣಾ ನಿಯಮಗಳು ಗೊತ್ತುಪಡಿಸಿವೆ. ಬೊಕ್ಕಸಕ್ಕೆ ಹೊರೆಯಾಗುವ ಕಡತ ಆರ್ಥಿಕ ಇಲಾಖೆಯ ಅಭಿಪ್ರಾಯವಿಲ್ಲದೆ ಮುಂದೆ ಸಾಗುವುದಿಲ್ಲ; ಗಣಿಗೂ ಅಣೆಕಟ್ಟೆಗೂ 1994ರಿಂದಲೇ ಪರಿಸರ ಪರಿಣಾಮದ ಅಂದಾಜು ಬೇಕು, ಭೂಸ್ವಾಧೀನಕ್ಕೆ 2013ರ ಕಾಯ್ದೆ ಸಾಮಾಜಿಕ ಪರಿಣಾಮದ ಅಧ್ಯಯನವನ್ನು ಕೇಳುತ್ತದೆ. ಆದರೆ ಒಂದು ತೀರ್ಮಾನದಿಂದ ಹದಿನೆಂಟು ವರ್ಷದೊಳಗಿನವರಿಗೆ ಏನಾಗುತ್ತದೆಂದು ವಿಚಾರಿಸುವ ಪುಟ ಮಾತ್ರ ಕಡ್ಡಾಯವಾಗಿಲ್ಲ.

ಅಂಥ ಪುಟಕ್ಕೆ ಮಕ್ಕಳ ಹಕ್ಕುಗಳ ಪರಿಣಾಮದ ಅಂದಾಜು ಎನ್ನುತ್ತಾರೆ. ನೀತಿ, ಕಾಯ್ದೆ ಅಥವಾ ಆದೇಶವೊಂದು ಜಾರಿಯಾಗುವ ಮೊದಲೇ ಅದರಿಂದ ಯಾವ ಮಕ್ಕಳ ಕಲಿಕೆ, ಆಹಾರ, ಆರೋಗ್ಯ, ಸುರಕ್ಷತೆಗೆ ಲಾಭವೋ ನಷ್ಟವೋ ಎಂಬುದನ್ನು ಗುರುತಿಸಿ, ನಷ್ಟವಾದೀತೆಂದು ಕಂಡರೆ ಬದಲಿ ದಾರಿಯನ್ನು ಸೂಚಿಸುವ ಬರಹವದು. ಭಾರತ 1992ರ ಡಿಸೆಂಬರ್ 11ರಂದು ಒಪ್ಪಿಕೊಂಡ ಮಕ್ಕಳ ಹಕ್ಕುಗಳ ಒಡಂಬಡಿಕೆಯ ಮೂರನೆಯ ವಿಧಿ ಮಕ್ಕಳ ಹಿತಕ್ಕೆ ಪ್ರಮುಖ ಮನ್ನಣೆ ಸಲ್ಲಬೇಕೆನ್ನುತ್ತದೆ. ಆ ಮಾತು ಆಡಳಿತದಲ್ಲಿ ನಿಜವಾಗಬೇಕಾದರೆ ಇಂಥ ಅಂದಾಜು ಬೇಕೆಂದು ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಸಮಿತಿ 2003ರಲ್ಲೇ ಹೇಳಿತ್ತು. ಸ್ಕಾಟ್ಲೆಂಡಿನ 2024ರ ಕಾಯ್ದೆ ಅಲ್ಲಿನ ಸರ್ಕಾರಿ ಮಸೂದೆಗಳಿಗೆ ಇದನ್ನು ಕಡ್ಡಾಯ ಮಾಡಿ, ಜನರಿಗೆ ಓದಲು ಸಿಗುವಂತೆ ಪ್ರಕಟಿಸಬೇಕೆಂದೂ ವಿಧಿಸಿದೆ.

ರಾಜ್ಯದಲ್ಲಿ ಮಕ್ಕಳ ಆಯವ್ಯಯದ ಪ್ರತ್ಯೇಕ ದಾಖಲೆ ಇದೆಯಲ್ಲ ಎಂಬ ಉತ್ತರ ಬರಬಹುದು. ಅದು ಉಪಯುಕ್ತವೇ; ಆದರೆ ಮಕ್ಕಳ ಹೆಸರಿನ ಯೋಜನೆಗಳಿಗೆ ಎಷ್ಟು ಹಣ ಇಟ್ಟಿದ್ದಾರೆಂದು ಅದು ಲೆಕ್ಕ ಒಪ್ಪಿಸುತ್ತದೆಯೇ ಹೊರತು, ಮಕ್ಕಳ ಹೆಸರೇ ಇಲ್ಲದ ಕಡತಗಳತ್ತ ಕಣ್ಣು ಹಾಯಿಸುವುದಿಲ್ಲ. ಬಸ್ ಮಾರ್ಗದ ಬದಲಾವಣೆ, ಕಬ್ಬು ಕಡಿಯಲು ಕುಟುಂಬಸಮೇತ ಗುಳೆ ಹೋಗುವವರ ಕೂಲಿ ವ್ಯವಸ್ಥೆ, ಹೊಸ ಮದ್ಯದಂಗಡಿಯ ಪರವಾನಗಿ, ಇವೆಲ್ಲ ಮಕ್ಕಳನ್ನು ತಟ್ಟುವುದು ಅಂಥ ಕಡತಗಳ ಮೂಲಕವೇ.

ಸದ್ಯ ಹೆಚ್ಚು ಚರ್ಚೆಯಲ್ಲಿರುವ, ಮಕ್ಕಳ ಸಂಖ್ಯೆ ಕಡಿಮೆಯಿರುವ ಸರ್ಕಾರಿ ಶಾಲೆಗಳ ವಿಲೀನವನ್ನೇ ನೋಡಬಹುದು. ಏಕೋಪಾಧ್ಯಾಯ ಶಾಲೆಯಲ್ಲಿ ಒಬ್ಬರೇ ಶಿಕ್ಷಕರು ಐದು ತರಗತಿಗಳನ್ನು ಒಟ್ಟಿಗೆ ಕೂರಿಸಿಕೊಂಡು ಪಾಠ ಮಾಡಿ, ಬಿಸಿಯೂಟದ ಲೆಕ್ಕ ಬರೆದು, ಸಭೆಗೂ ಓಡಬೇಕಾದ ಸ್ಥಿತಿಯನ್ನು ಬಲ್ಲವರು ವಿಲೀನದ ವಾದವನ್ನು ಸುಮ್ಮನೆ ತಳ್ಳಿಹಾಕಲಾರರು. ಆದರೆ ಒಂದರಿಂದ ಐದನೆಯ ತರಗತಿಯವರಿಗೆ ಮನೆಯಿಂದ ಒಂದು ಕಿಲೋಮೀಟರಿನೊಳಗೆ ಶಾಲೆ ಇರಬೇಕೆಂಬ ಶಿಕ್ಷಣ ಹಕ್ಕಿನ ನಿಯಮವನ್ನು ನಕ್ಷೆಯ ಮೇಲಿನ ವೃತ್ತದಿಂದ ಅಳೆಯಬೇಕೋ ಮಗು ನಡೆಯುವ ದಾರಿಯಿಂದಲೋ ಎಂಬಲ್ಲೇ ಅರ್ಧ ಉತ್ತರವಿದೆ. ಮಲೆನಾಡಿನಲ್ಲೂ ಕರಾವಳಿಯ ಒಳನಾಡಿನಲ್ಲೂ ಹಳ್ಳದ ಮೇಲೆ ಅಡಕೆ ಮರ ಅಡ್ಡಹಾಕಿದ ಕಾಲುಸಂಕ ಬೇಸಿಗೆಯಲ್ಲಿ ಹತ್ತು ನಿಮಿಷದ ದಾರಿಯಾದರೆ, ಆಷಾಢದಲ್ಲಿ ಅದು ದಾರಿಯೇ ಅಲ್ಲ. ಪ್ರವಾಹ, ಭೂಕುಸಿತ, ರಸ್ತೆಯಿಲ್ಲದ ಕಡೆ ಈ ದೂರವನ್ನು ಇನ್ನೂ ಕಡಿಮೆ ಮಾಡಬೇಕೆಂದು ಕೇಂದ್ರದ 2010ರ ನಿಯಮಗಳೇ ಹೇಳಿವೆ. ಬಯಲುಸೀಮೆಯ ತಾಂಡಾಗಳಲ್ಲಿ ತೊಡಕು ಬೇರೆ ಬಗೆಯದು: ಕೂಲಿಗೆ ಹೋದ ತಾಯಿಯ ಬದಲು ತಮ್ಮನನ್ನು ಅಂಗನವಾಡಿಗೆ ಬಿಟ್ಟು ಪಕ್ಕದ ಶಾಲೆಗೆ ಹೋಗುತ್ತಿದ್ದ ಹುಡುಗಿ, ಶಾಲೆ ದೂರವಾಗಿ ಅಂಗನವಾಡಿ ಅಲ್ಲೇ ಉಳಿದಾಗ ಎರಡರಲ್ಲಿ ಒಂದನ್ನು ಬಿಡಬೇಕಾಗುತ್ತದೆ, ಮತ್ತು ಅವಳು ಯಾವುದನ್ನು ಬಿಡುತ್ತಾಳೆಂದು ಊಹಿಸುವುದು ಕಷ್ಟವಲ್ಲ. ವರ್ಗಾವಣೆ ಪತ್ರ ಹೊಸ ಶಾಲೆಗೆ ತಲುಪಿದ ಮಾತ್ರಕ್ಕೆ ಹುಡುಗಿ ತಲುಪಿದಂತಾಗುವುದಿಲ್ಲ.

ಅಳೆದು ನೋಡಿ ನಿರ್ಧರಿಸಿದರೆ ಏನು ಸಾಧ್ಯ ಎಂಬುದಕ್ಕೆ ಇದೇ ರಾಜ್ಯದ ಮೊಟ್ಟೆಯ ಪ್ರಸಂಗ ಸಾಕ್ಷಿ. 2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲೂ ವಿಜಯಪುರದಲ್ಲೂ ಬಿಸಿಯೂಟದೊಂದಿಗೆ ಮೊಟ್ಟೆ, ಬೇಡವೆಂದವರಿಗೆ ಬಾಳೆಹಣ್ಣು ಕೊಡತೊಡಗಿದಾಗ ಕೆಲವು ಮಠಾಧೀಶರಿಂದ ಆಕ್ಷೇಪ ಬಂತು. ಗದಗದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯ ಮೊಟ್ಟೆ ಸಿಗುತ್ತಿದ್ದ ಯಾದಗಿರಿಯ ಮಕ್ಕಳನ್ನೂ ಸಿಗದ ಗದಗದ ಮಕ್ಕಳನ್ನೂ ತೂಗಿ ಹೋಲಿಸಿ, ಯಾದಗಿರಿಯವರ ಬೆಳವಣಿಗೆ ಉತ್ತಮವೆಂದು ತೋರಿಸಿತು. ಮುಂದೆ ಯೋಜನೆ ಇಡೀ ರಾಜ್ಯಕ್ಕೆ ಹಬ್ಬಿತು. ನಂಬಿಕೆಗಳ ಜಗಳವಾಗಿ ಮುಗಿಯಬಹುದಾಗಿದ್ದ ವಿಷಯಕ್ಕೆ ತಕ್ಕಡಿಯೂ ಒಂದು ಮಾತು ಸೇರಿಸಿತು. ಆದರೆ ಕೊಟ್ಟದ್ದನ್ನು ಆಮೇಲೆ ಅಳೆಯಬಹುದು. ಶಾಲೆ ಬಿಟ್ಟ ಮಗುವನ್ನು ಎರಡು ವರ್ಷದ ನಂತರ ಅಳೆದು ಪ್ರಯೋಜನವಿಲ್ಲವಾದ್ದರಿಂದ ಅಲ್ಲಿ ಅಂದಾಜು ಆದೇಶಕ್ಕಿಂತ ಮುಂಚೆಯೇ ಆಗಬೇಕು.

ಇದರಿಂದ ಕಡತಗಳು ಇನ್ನಷ್ಟು ನಿಧಾನವಾಗುತ್ತವೆ ಎಂಬ ಆಕ್ಷೇಪಕ್ಕಿಂತ, ಇದೂ ಮತ್ತೊಂದು ‘ಅನ್ವಯಿಸುವುದಿಲ್ಲ’ ಮುದ್ರೆಯ ನಮೂನೆಯಾದೀತೆಂಬ ಅನುಮಾನವೇ ಗಟ್ಟಿಯಾದದ್ದು. ಪ್ರಸ್ತಾವ ತರುವ ಇಲಾಖೆಯೇ ತನಗೆ ತಾನೇ ಅಂಕ ಕೊಟ್ಟುಕೊಂಡರೆ ಆಗುವುದು ಅದೇ. ಆದಕಾರಣ ಇಲಾಖೆ ಬರೆದ ಅಂದಾಜನ್ನು 2005ರ ಕಾಯ್ದೆಯಡಿ ರಚಿತವಾದ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ ಪರಿಶೀಲಿಸಿ, ಅದರ ಅಭಿಪ್ರಾಯ ಸಂಪುಟ ಟಿಪ್ಪಣಿಯ ಜೊತೆಗೇ ಹೋಗಬೇಕು. ಮಕ್ಕಳ ಗ್ರಾಮಸಭೆಗಳಲ್ಲಿ ಶೌಚಾಲಯ, ಬಸ್ಸು, ಬೀದಿದೀಪದ ಬೇಡಿಕೆಗಳು ನಡಾವಳಿಗೆ ಸೇರಿ ಅಲ್ಲೇ ಉಳಿಯುವ ಬದಲು ಅಂದಾಜಿಗೆ ಮೊದಲ ಆಧಾರವಾದರೆ, ನಕ್ಷೆಯಲ್ಲಿ ಕಾಣದ ಹಳ್ಳಗಳೂ ಕಡತದಲ್ಲಿ ಕಾಣಿಸಿಕೊಳ್ಳುತ್ತವೆ.

ಇದಕ್ಕೆ ಹೊಸ ಕಾಯ್ದೆಯೇ ಬರಬೇಕೆಂದು ಕಾಯಬೇಕಿಲ್ಲ. ತಮ್ಮ ಕಚೇರಿಯ ಸುತ್ತೋಲೆಯಿಂದ ಆರಂಭಿಸಬಹುದು. ಮೊದಲ ಪರೀಕ್ಷೆಗೆ ಶಾಲಾ ವಿಲೀನದ ಕಡತವೇ ಸೂಕ್ತ: ವಿಲೀನಕ್ಕೆ ಗುರುತಿಸುವ ಪ್ರತಿ ಶಾಲೆಯ ಮಕ್ಕಳು ಮಳೆಗಾಲದಲ್ಲಿ ನಡೆಯಬೇಕಾದ ದಾರಿಯ ವಿವರ, ವಾಹನ ಕೊಡುವುದಾದರೆ ಅದರ ಹಣ ಎಷ್ಟು ವರ್ಷಕ್ಕೆ ಖಚಿತ ಎಂಬುದು, ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಠರಾವು, ಇಷ್ಟು ಲಗತ್ತಾಗದ ಪ್ರಸ್ತಾವವನ್ನು ಇಲಾಖೆಗೆ ಹಿಂದಿರುಗಿಸಬೇಕೆಂದು ಕೋರಲಾಗಿದೆ.

ಗೌರವಪೂರ್ವಕವಾಗಿ,
ರಾಜ್ಯದ ನಾಗರಿಕರೊಬ್ಬರು