ಘರ್‌ಪಟ್ಟಿ ಮಾಫಿ: ಸಾವನೇರ್‌ನಲ್ಲಿ ಮನೆ ಕೊಳ್ಳುವ ಕನ್ನಡಿಗ ಯೋಧನಿಗೆ 15 ವರ್ಷದ ಅಡ್ಡಗೋಡೆ

ಮಹಾರಾಷ್ಟ್ರ ಸರಕಾರ 2020ರ ಸೆಪ್ಟೆಂಬರ್‌ನಲ್ಲಿ ರಾಜ್ಯದ ಮಾಜಿ ಸೈನಿಕರೆಲ್ಲರಿಗೂ ವಾಸದ ಮನೆಯ ಆಸ್ತಿ ತೆರಿಗೆಯನ್ನು ಮಾಫಿ ಮಾಡಿತು. ಉದ್ಧವ್ ಠಾಕ್ರೆ ಮುಖ್ಯಮಂತ್ರಿಯಾಗಿದ್ದ ಕಾಲದ ಆ ನಿರ್ಧಾರಕ್ಕೆ ‘ಬಾಳಾಸಾಹೇಬ್ ಠಾಕ್ರೆ ಮಾಜಿ ಸೈನಿಕ ಸನ್ಮಾನ ಯೋಜನೆ’ ಎಂದು ಹೆಸರು. ಅದಕ್ಕೂ ಮುಂಚೆ ಶೌರ್ಯ ಪದಕ ಪಡೆದವರಿಗೆ ಮತ್ತು ಸೈನಿಕರ ವಿಧವೆಯರಿಗೆ ಮಾತ್ರ ಇದ್ದ ಸೌಲಭ್ಯ ಆಗ ನಗರ ಮತ್ತು ಗ್ರಾಮ ಎರಡೂ ಕಡೆಯ ಮಾಜಿ ಸೈನಿಕರಿಗೆ ವಿಸ್ತರಣೆಯಾಯಿತು. ಘೋಷಣೆ ದೊಡ್ಡದು, ಸ್ವಾಗತಾರ್ಹವೂ ಹೌದು. ಆದರೆ ನಾಗಪುರ ಜಿಲ್ಲೆಯ ಸಾವನೇರ್‌ನಂಥ ಸಣ್ಣ ಪಟ್ಟಣದಲ್ಲಿ ಮನೆ ಮಾಡಿಕೊಳ್ಳುವ ಹೊರನಾಡ ಕನ್ನಡಿಗ ಯೋಧನ ಕೈಗೆ, ಅದರಲ್ಲೂ ಸೇವೆಯಲ್ಲಿ ಅಂಗ ಊನವಾಗಿ ಅವಧಿಗೆ ಮುಂಚೆಯೇ ಹೊರಬಂದವನ ಕೈಗೆ, ಈ ಮಾಫಿ ಯಾವಾಗ ಸಿಗುತ್ತದೆ ಎಂದು ಲೆಕ್ಕ ಹಾಕಿದರೆ ಚಿತ್ರ ಬೇರೆಯೇ ಆಗುತ್ತದೆ.

ಸಾವನೇರ್‌ಗೂ ಸೈನಿಕನಿಗೂ ಏನು ನಂಟು ಎಂದು ಮುಂಬಯಿಯ ಓದುಗರು ಕೇಳಬಹುದು. ನಾಗಪುರದಿಂದ ಛಿಂದ್ವಾಡಾ ರಸ್ತೆಯಲ್ಲಿ ಸುಮಾರು 35-40 ಕಿ.ಮೀ. ದೂರದಲ್ಲಿರುವ ಈ ತಾಲೂಕು ಕೇಂದ್ರ ಕಲ್ಲಿದ್ದಲು ಗಣಿಗಳ ಊರು. ವೆಸ್ಟರ್ನ್ ಕೋಲ್‌ಫೀಲ್ಡ್ಸ್‌ನ ಗಣಿಗಳು, ಇದೇ ತಾಲೂಕಿನ ಖಾಪರಖೇಡಾ ವಿದ್ಯುತ್ ಸ್ಥಾವರ, ಅವುಗಳ ಸುತ್ತ ಹುಟ್ಟಿಕೊಂಡ ಲಾರಿ, ಗೋದಾಮು, ಕಾವಲು ಕೆಲಸ. ಸೈನ್ಯದಿಂದ ಬಂದವರಿಗೆ ಎರಡನೆಯ ನೌಕರಿ ಸಿಗುವ ಜಾಗ ಇಂಥದ್ದೇ. ಇನ್ನು ನಾಗಪುರದ ಮಗ್ಗುಲಲ್ಲೇ ಕಾಮ್ಟಿ ಇದೆ, ಬ್ರಿಗೇಡ್ ಆಫ್ ದಿ ಗಾರ್ಡ್ಸ್‌ನ ರೆಜಿಮೆಂಟಲ್ ಕೇಂದ್ರ. ಜಾತಿ, ಪ್ರಾಂತ ನೋಡದೆ ದೇಶದ ಎಲ್ಲ ಕಡೆಯವರನ್ನೂ ಸೇರಿಸಿಕೊಳ್ಳುವ ಈ ಪದಾತಿ ರೆಜಿಮೆಂಟನ್ನು 1949ರಲ್ಲಿ ಕಟ್ಟಿದವರು ನಮ್ಮ ಕೊಡಗಿನ ಜನರಲ್ ಕೆ.ಎಂ. ಕಾರ್ಯಪ್ಪ. ನಾಗಪುರದಲ್ಲಿ ವಾಯುಪಡೆಯ ಮೆಂಟೆನೆನ್ಸ್ ಕಮಾಂಡ್, ಪಕ್ಕದ ವರ್ಧಾ ಜಿಲ್ಲೆಯ ಪುಲಗಾಂವ್‌ನಲ್ಲಿ ಮದ್ದುಗುಂಡಿನ ಕೇಂದ್ರೀಯ ಡಿಪೋ. ಇಲ್ಲಿ ನಾಲ್ಕೈದು ವರ್ಷ ಡ್ಯೂಟಿ ಮಾಡಿ ನೀರು ಒಗ್ಗಿಸಿಕೊಂಡವರು, ಮಕ್ಕಳ ಶಾಲೆ ಬಿಡಿಸಲಾಗದೆ ಇಲ್ಲೇ ಉಳಿದುಬಿಡುವುದು ಸಹಜ. ನಾಗಪುರ ನಗರದಲ್ಲಿ ನಿವೇಶನ ಕೈಗೆಟುಕದಿದ್ದರೆ ಸಾವನೇರ್, ಖಾಪಾ, ಕಳಮೇಶ್ವರ್ ಕಡೆಗೆ ಕಣ್ಣು ಹೋಗುತ್ತದೆ.

ಒಂದು ಉದಾಹರಣೆ ಇಟ್ಟುಕೊಂಡರೆ ವಿಷಯ ಬೇಗ ತಿಳಿಯುತ್ತದೆ. ಗೋಕಾಕದ ಕಡೆಯ ಒಬ್ಬ ನಾಯಕ್ ಎಂದುಕೊಳ್ಳೋಣ. ವಯಸ್ಸು 29. ಗಡಿಯಲ್ಲಿ ನೆಲಬಾಂಬು ಸಿಡಿದು ಮೊಣಕಾಲ ಕೆಳಗೆ ಕಾಲು ಹೋಯಿತು. ಪುಣೆಯ ಕೃತಕ ಅಂಗ ಕೇಂದ್ರದಲ್ಲಿ ಹೊಸ ಕಾಲು ಕಟ್ಟಿಸಿಕೊಂಡು ಮನೆಗೆ ಬಂದ. ಹೆಂಡತಿಯ ಅಣ್ಣ ಸಾವನೇರ್ ಬಸ್ ಸ್ಟ್ಯಾಂಡ್ ಹತ್ತಿರ ಸಣ್ಣ ಹೋಟೆಲ್ ನಡೆಸುತ್ತಾನೆ, ‘ಭಾವಾ, ಇಲ್ಲೇ ಬನ್ನಿ, ಗಲ್ಲಾ ನೋಡಿಕೊಂಡರೆ ಸಾಕು’ ಎನ್ನುತ್ತಾನೆ. ಬಂದ ಗ್ರಾಚ್ಯುಟಿಗೆ ಬ್ಯಾಂಕ್ ಸಾಲ ಸೇರಿಸಿ ನಗರ ಪರಿಷತ್ತಿನ ಹದ್ದಿನಲ್ಲಿ ಎರಡು ಕೋಣೆಯ ಮನೆ. ಮುಂದಿನ ಏಪ್ರಿಲ್ ಕಳೆಯುತ್ತಲೇ ಘರ್‌ಪಟ್ಟಿಯ ಬಿಲ್ಲು ಬರುತ್ತದೆ. ಮಾಫಿ ಕೇಳಲು ಹೋದರೆ ಕೌಂಟರಿನಲ್ಲಿ ಯಾರೂ ಕಾಲನ್ನು ನೋಡುವುದಿಲ್ಲ. ಕೇಳುವುದು ಡೊಮಿಸೈಲ್.

ಊರು ಯಾವುದು?

ಈ ಯೋಜನೆ ಮಹಾರಾಷ್ಟ್ರದ ನಿವಾಸಿಗಳಾದ ಮಾಜಿ ಸೈನಿಕರಿಗೆ. ಮಹಾರಾಷ್ಟ್ರದಲ್ಲಿ ಹುಟ್ಟದವರು ಡೊಮಿಸೈಲ್ ಪ್ರಮಾಣಪತ್ರ ಪಡೆಯಬೇಕಾದರೆ ಸಾಮಾನ್ಯವಾಗಿ 15 ವರ್ಷ ಈ ರಾಜ್ಯದಲ್ಲಿ ವಾಸವಿದ್ದುದಕ್ಕೆ ದಾಖಲೆ ತೋರಿಸಬೇಕು. ವ್ಯಾಪಾರಕ್ಕೆ ಬಂದವರು ಈ ದಾಖಲೆಯನ್ನು ಹೇಗೋ ಕೂಡಿಸುತ್ತಾರೆ. ಬಾಡಿಗೆ ಕರಾರು, ರೇಷನ್ ಕಾರ್ಡು, ಲೈಟ್ ಬಿಲ್ಲು, ಮಕ್ಕಳ ಶಾಲೆಯ ದಾಖಲೆ ಎಲ್ಲವೂ ಇರುತ್ತದೆ. ಸೈನಿಕನ ಬಳಿ ಏನಿರುತ್ತದೆ? ಎರಡು ಮೂರು ವರ್ಷಕ್ಕೊಮ್ಮೆ ಊರು ಬದಲು. ಕಾನೂನು ಕೂಡ ಅವನನ್ನು ಸೇವೆಯಲ್ಲಿರುವಷ್ಟು ಕಾಲ ಹುಟ್ಟೂರಿನ ಮತದಾರ ಎಂದೇ ಪರಿಗಣಿಸುವ ಅವಕಾಶ ಕೊಟ್ಟಿದೆ. ‘ಸರ್ವಿಸ್ ವೋಟರ್’ ಎಂಬ ಪ್ರತ್ಯೇಕ ಪಟ್ಟಿ ಇರುವುದು ಅದಕ್ಕಾಗಿಯೇ. ಅಂದರೆ ಕಾಮ್ಟಿಯಲ್ಲಿ ನಾಲ್ಕು ವರ್ಷ ಇದ್ದರೂ ಕಾಗದದಲ್ಲಿ ಅವನು ಗೋಕಾಕದವನೇ.

ಪೂರ್ತಿ ಸೇವೆ ಮುಗಿಸಿ ನಲವತ್ತರ ಆಸುಪಾಸಿನಲ್ಲಿ ಸಾವನೇರ್‌ಗೆ ಬಂದವನಿಗೆ ಐವತ್ತೈದಕ್ಕೆ ಡೊಮಿಸೈಲ್ ಸಿಗುತ್ತದೆ. ಇಪ್ಪತ್ತೊಂಬತ್ತಕ್ಕೆ ಗಾಯಾಳುವಾಗಿ ಬಂದವನಿಗೆ ನಲವತ್ತನಾಲ್ಕಕ್ಕೆ. ಸಾಲದ ಕಂತು, ಮಕ್ಕಳ ಫೀಸು, ಕೃತಕ ಕಾಲಿನ ರಿಪೇರಿ, ಪುಣೆಗೆ ಓಡಾಟ ಎಲ್ಲವೂ ಒಟ್ಟಿಗೆ ಬೀಳುವ ವರ್ಷಗಳಲ್ಲಿ ಮಾಫಿ ಇಲ್ಲ. ಭಾರ ಇಳಿಯುವ ಹೊತ್ತಿಗೆ ಮಾಫಿ. ಇದನ್ನು ಯಾರೋ ಬೇಕೆಂದು ಮಾಡಿದ್ದಲ್ಲ, ರಾಜ್ಯದ ಖಜಾನೆಯ ಸೌಲಭ್ಯ ರಾಜ್ಯದವರಿಗೆ ಎಂಬ ಸಾಮಾನ್ಯ ನಿಯಮವನ್ನು ಸೈನಿಕನಿಗೂ ಹಾಗೆಯೇ ಅನ್ವಯಿಸಿದ್ದರ ಫಲ.

ಹಾಗಾದರೆ ತಾಯ್ನಾಡು ಕೈ ಹಿಡಿಯುತ್ತದೆಯೇ? ಕರ್ನಾಟಕದಲ್ಲಿಯೂ ಮಾಜಿ ಸೈನಿಕರು ಸ್ವಂತ ವಾಸಕ್ಕಿರುವ ಮನೆಗೆ ಆಸ್ತಿ ತೆರಿಗೆಯಲ್ಲಿ ಅರ್ಧದಷ್ಟು ವಿನಾಯಿತಿ ಇದೆ. ಆದರೆ ಮನೆ ಅಲ್ಲಿರಬೇಕು. ಸಾವನೇರ್‌ನ ಮನೆಗೆ ಬೆಳಗಾವಿಯ ಪಾಲಿಕೆ ಏನು ಮಾಡೀತು? ಎರಡೂ ರಾಜ್ಯಗಳಲ್ಲಿ ಸೌಲಭ್ಯವಿದ್ದೂ ನಡುವೆ ನಿಂತವನಿಗೆ ಎರಡೂ ಇಲ್ಲದ ಪರಿಸ್ಥಿತಿ ಇದು.

ಗಾಯದ ಅಳತೆ

ಇನ್ನೊಂದು ವಿಪರ್ಯಾಸವಿದೆ. ಪಿಂಚಣಿಯ ಲೆಕ್ಕದಲ್ಲಿ ಗಾಯವನ್ನು ಶೇಕಡಾವಾರು ತೂಗುತ್ತಾರೆ. ವೈಕಲ್ಯ ಶೇ. 20ಕ್ಕಿಂತ ಕಡಿಮೆಯಾದರೆ ಪಿಂಚಣಿಯಲ್ಲಿ ವೈಕಲ್ಯದ ಭಾಗವೇ ಇಲ್ಲ. ಅದಕ್ಕೆ ಮೇಲ್ಪಟ್ಟರೆ ಶೇ. 50, 75, 100 ಎಂದು ಮೇಲಕ್ಕೆ ಸರಿಹೊಂದಿಸುವ ಪದ್ಧತಿ ಇದೆ. ಮೊದಲು ಬೋರ್ಡ್ ಔಟ್ ಆದವರಿಗಷ್ಟೇ ಇದ್ದ ಈ ಪದ್ಧತಿ ಅವಧಿ ಮುಗಿಸಿ ನಿವೃತ್ತರಾದವರಿಗೂ ಸಲ್ಲಬೇಕೆಂದು ರಾಮ್ ಅವತಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2014ರ ಡಿಸೆಂಬರ್‌ನಲ್ಲಿ ಹೇಳಿತು. ಯುದ್ಧದಲ್ಲಾದ ಗಾಯವೇ, ಸೇವೆಯ ಕಾರಣದಿಂದ ಆದದ್ದೇ, ಸೇವೆಗೆ ಸಂಬಂಧವಿಲ್ಲದ್ದೇ ಎಂಬ ವಿಂಗಡಣೆ ಬೇರೆ. ಇಷ್ಟೆಲ್ಲ ಸೂಕ್ಷ್ಮವಾಗಿ ತೂಗುವ ವ್ಯವಸ್ಥೆ ಮನೆಯ ತೆರಿಗೆಗೆ ಬಂದಾಗ ತಕ್ಕಡಿಯನ್ನೇ ಒಳಗಿಡುತ್ತದೆ. ಮಾಜಿ ಸೈನಿಕ ಹೌದೋ ಅಲ್ಲವೋ, ಇಲ್ಲಿಯವನು ಹೌದೋ ಅಲ್ಲವೋ, ಇಷ್ಟೇ.

ಅಮೆರಿಕದ ಟೆಕ್ಸಾಸ್‌ನಲ್ಲಿ ಇದು ತಿರುವುಮುರುವು. ಅಲ್ಲಿ ಎಲ್ಲ ಮಾಜಿ ಸೈನಿಕರಿಗೂ ಮಾಫಿ ಇಲ್ಲ. ಆದರೆ ಶೇ. 100 ವೈಕಲ್ಯವೆಂದು ಮಾನ್ಯವಾದವರ ವಾಸದ ಮನೆಗೆ 2009ರಿಂದ ಪೂರ್ತಿ ಮಾಫಿ. ಶೇ. 10ರಿಂದ ಮೇಲಕ್ಕೆ ವೈಕಲ್ಯವಿದ್ದವರಿಗೆ ಅದರ ಪ್ರಮಾಣ ನೋಡಿ ಆಸ್ತಿಯ ತೆರಿಗೆ ಮೌಲ್ಯದಲ್ಲಿ 5,000ದಿಂದ 12,000 ಡಾಲರ್‌ವರೆಗೆ ಕಡಿತ. ರಾಜ್ಯದ ನಿವಾಸಿಯಾಗಿರಬೇಕು ಎಂಬುದು ಅಲ್ಲಿಯೂ ಇದೆ, ಆದರೆ 15 ವರ್ಷ ಕಾಯಿಸುವುದಿಲ್ಲ. ನಮ್ಮಲ್ಲಿ ಅದೇ ಪದ್ಧತಿ ಬರಲಿ ಎಂದು ಹೇಳಬೇಕಿಲ್ಲ. ಮಹಾರಾಷ್ಟ್ರದ ಮಾಫಿ ವಿಸ್ತಾರದಲ್ಲಿ ಅದಕ್ಕಿಂತ ಉದಾರವೇ. ಗಾಯಾಳುವಿನ ವಿಷಯದಲ್ಲಿ ಮಾತ್ರ ವಾಸದ ವರ್ಷಗಳ ಎಣಿಕೆಯನ್ನು ಸಡಿಲಿಸಿದರೆ ಆಗುವ ಖರ್ಚು ಎಷ್ಟು?

ರೂಪಾಯಿಯ ಲೆಕ್ಕ

ಸಣ್ಣ ಪಟ್ಟಣದ ಎರಡು ಕೋಣೆಯ ಮನೆಗೆ ಘರ್‌ಪಟ್ಟಿ ವರ್ಷಕ್ಕೆ 4,000 ರೂ. ಎಂದು ಹಿಡಿಯೋಣ. 15 ವರ್ಷಕ್ಕೆ 60,000 ರೂ. ಅದೇ ಮನೆಗೆ 15 ಲಕ್ಷ ರೂ. ಸಾಲ, ಶೇ. 8.5 ಬಡ್ಡಿ, 20 ವರ್ಷದ ಅವಧಿ ಎಂದರೆ ತಿಂಗಳ ಕಂತು ಸುಮಾರು 13,000 ರೂ. ಮೊದಲ ವರ್ಷದ ಬಡ್ಡಿಯೇ ಸುಮಾರು 1.26 ಲಕ್ಷ. ಸರಕಾರಕ್ಕೆ ಈ 60,000 ದೊಡ್ಡದಲ್ಲ, ಒಬ್ಬ ನಾಯಕ್‌ನ ಸಂಸಾರಕ್ಕೆ ನಾಲ್ಕೂವರೆ ತಿಂಗಳ ಕಂತು.

ಈ ಲೆಕ್ಕದ ಜತೆಗೇ ಹೇಳಬೇಕಾದ ಇನ್ನೊಂದು ಸಂಗತಿ, ತೆರಿಗೆ ಮಾಫಿಯ ಸದ್ದಿನಲ್ಲಿ ಅಡಗಿಹೋಗಿರುವ ಕೇಂದ್ರೀಯ ಸೈನಿಕ ಮಂಡಳಿಯ ನೆರವು. ಯುದ್ಧದಲ್ಲಿ ಗಾಯಗೊಂಡವರು, ಶಾಂತಿಕಾಲದಲ್ಲಿ ಸೇವೆಯ ಕಾರಣದಿಂದಲೇ ಊನವಾದವರು, ಹುತಾತ್ಮರ ಕುಟುಂಬದವರು ಮನೆ ಕಟ್ಟಲು ಬ್ಯಾಂಕಿನಿಂದ ಪಡೆದ ಸಾಲದ ಬಡ್ಡಿಯಲ್ಲಿ ಅರ್ಧವನ್ನು, ಗರಿಷ್ಠ 1 ಲಕ್ಷ ರೂ.ವರೆಗೆ, ಮಂಡಳಿ ಮರುಪಾವತಿ ಮಾಡುವ ಯೋಜನೆ ಇದೆ. ಮೇಲಿನ ಉದಾಹರಣೆಯಲ್ಲಿ ಮೊದಲ ವರ್ಷದ ಅರ್ಧ ಬಡ್ಡಿ 63,000 ರೂ. ಎರಡನೆಯ ವರ್ಷದಲ್ಲೇ ಮಿತಿ ಮುಟ್ಟುತ್ತದೆ. 15 ವರ್ಷದ ಘರ್‌ಪಟ್ಟಿಗಿಂತ ಇದು ಹೆಚ್ಚು. ಇಲ್ಲಿ ಯಾವ ರಾಜ್ಯದವನೆಂಬುದು ಅಡ್ಡಿಯಲ್ಲ, ಗಾಯ ಸೇವೆಯಿಂದ ಆದದ್ದೆಂದು ಪಿಂಚಣಿ ಆದೇಶದಲ್ಲಿ ಬರೆದಿರಬೇಕು, ಅಷ್ಟೆ. ಯೋಜನೆ ಇರುವುದು ಮನೆ ಕಟ್ಟುವ ಸಾಲಕ್ಕೆ. ಸಾವನೇರ್‌ನಂಥ ಊರಿನಲ್ಲಿ ಸಿದ್ಧ ಮನೆ ಕೊಳ್ಳುವುದೋ, ಪ್ಲಾಟ್ ಕೊಂಡು ಕಟ್ಟಿಸುವುದೋ ಎಂದು ತೂಗುವಾಗ ಈ ವ್ಯತ್ಯಾಸ ಗಮನದಲ್ಲಿರಬೇಕು. ಸಾಲ ಪಡೆದ ಮೇಲೆ ವಿಚಾರಿಸಿದರೆ ಪ್ರಯೋಜನವಾಗದಿರಬಹುದು.

ಕಾಗದದ ದಾರಿ

ಮಾಫಿ ತಾನಾಗಿ ಬರುವುದಿಲ್ಲ. ಜಿಲ್ಲಾ ಸೈನಿಕ ಕಲ್ಯಾಣ ಅಧಿಕಾರಿಯ ಪ್ರಮಾಣಪತ್ರದ ಜತೆ ಸ್ಥಳೀಯ ಸಂಸ್ಥೆಗೆ ಅರ್ಜಿ ಹಾಕಬೇಕು, ರಾಜ್ಯದಲ್ಲಿ ಒಂದೇ ಮನೆಗೆ ಸೌಲಭ್ಯ ಪಡೆಯುತ್ತಿರುವುದಾಗಿ ಬರೆದುಕೊಡಬೇಕು. ಆ ಅಧಿಕಾರಿ ಇರುವುದು ನಾಗಪುರದಲ್ಲಿ. ಬೆಳಗಾವಿಯಲ್ಲೋ ಮಡಿಕೇರಿಯಲ್ಲೋ ಹೆಸರು ನೋಂದಾಯಿಸಿಕೊಂಡವರ ಕಡತ ನಾಗಪುರದ ಕಚೇರಿಗೆ ವರ್ಗವಾಗದೆ ಅಲ್ಲಿಯವರು ಪ್ರಮಾಣಪತ್ರ ಕೊಡಲಾರರು. ನಮ್ಮವರಲ್ಲಿ ಹಲವರು ಎಡವುವುದು ಇಲ್ಲೇ. ಮನೆ ಸಾವನೇರ್‌ನಲ್ಲಿ, ಕಡತ ಬೆಳಗಾವಿಯಲ್ಲಿ.

ಕಡತ ವರ್ಗಾವಣೆ ಕಣ್ಣು ಮುಚ್ಚಿ ಮಾಡುವ ಕೆಲಸವೂ ಅಲ್ಲ. ಕರ್ನಾಟಕದ ಸಿಇಟಿಯಲ್ಲಿ ಮಾಜಿ ಸೈನಿಕರ ಮಕ್ಕಳಿಗೆ ಪ್ರತ್ಯೇಕ ಕೋಟಾ ಇದ್ದು, ಅಲ್ಲಿಯೂ ಊರಿನ ದಾಖಲೆಯನ್ನೇ ನೋಡುತ್ತಾರೆ. ಮಗಳು ಪಿಯುಸಿಯಲ್ಲಿರುವ ಮನೆಯವರು ವರ್ಷಕ್ಕೆ 4,000 ರೂಪಾಯಿಯ ಘರ್‌ಪಟ್ಟಿಗಾಗಿ ಎಂಜಿನಿಯರಿಂಗ್ ಸೀಟಿನ ದಾರಿ ಮುಚ್ಚಿಕೊಳ್ಳಬಾರದು. ಮಕ್ಕಳು ಮರಾಠಿ ಶಾಲೆಯಲ್ಲೇ ಬೆಳೆದು ಇಲ್ಲಿಯೇ ನೆಲೆಸುವುದಾದರೆ ಬಂದ ವರ್ಷವೇ ಕಡತ ತರಿಸಿಕೊಂಡು ವಾಸದ ದಾಖಲೆಯನ್ನು ಮೊದಲ ದಿನದಿಂದ ಕೂಡಿಸತೊಡಗುವುದು ಲೇಸು.

ಮನೆ ಯಾರ ಹೆಸರಿನಲ್ಲಿದೆ ಎಂಬುದೂ ಮುಖ್ಯ. ಸಾಲ ಸುಲಭವಾಗಲೆಂದು ನೌಕರಿಯಲ್ಲಿರುವ ತಮ್ಮನ ಹೆಸರಿನಲ್ಲೋ ಭಾವಮೈದುನನ ಹೆಸರಿನಲ್ಲೋ ಖರೀದಿ ಪತ್ರ ಮಾಡಿಸಿದರೆ, ಮುಂದೆ 15 ವರ್ಷ ತುಂಬಿದರೂ ಮಾಫಿ ಕೇಳುವ ಹಕ್ಕು ಯೋಧನಿಗಿರುವುದಿಲ್ಲ. ನಗರ ಪರಿಷತ್ತಿನ ತೆರಿಗೆ ಪುಸ್ತಕದಲ್ಲಿ, ಪಾಟಣಸಾವಂಗಿಯಂಥ ಹಳ್ಳಿಯಾದರೆ ಗ್ರಾಮ ಪಂಚಾಯತಿಯ ನಮುನಾ 8ರಲ್ಲಿ, ಹಳೆಯ ಮಾಲೀಕನ ಹೆಸರು ತೆಗೆಸಿ ತಮ್ಮ ಹೆಸರು ಏರಿಸಿಕೊಂಡಿದ್ದಾರೆಯೇ ಎಂಬುದನ್ನು ನೋಡಿಕೊಳ್ಳಬೇಕು. ನೋಂದಣಿ ಕಚೇರಿಯಲ್ಲಿ ಸಹಿ ಆದ ಕೂಡಲೇ ಎಲ್ಲ ಮುಗಿಯಿತೆಂದು ತಿಳಿದವರು ಬಹಳ. ಬಿಲ್ಲಿನ ಸಾಲುಗಳನ್ನೂ ಬಿಡಿಬಿಡಿಯಾಗಿ ಓದಬೇಕು. ಶಿಕ್ಷಣ ಕರ 1962ರ ಬೇರೆ ಕಾಯಿದೆಯಿಂದ ಬಂದದ್ದು, ಅದನ್ನು ಸ್ಥಳೀಯ ಸಂಸ್ಥೆ ರಾಜ್ಯದ ಪರವಾಗಿ ವಸೂಲು ಮಾಡುತ್ತದೆ. ನೀರಿನ ಪಟ್ಟಿ ಇನ್ನೊಂದು. ‘ಮಾಫಿ’ ಎಂದಾಗ ಯಾವ ಸಾಲಿಗೆ ಮಾಫಿ ಎಂದು ಬರಹದಲ್ಲಿ ಕೇಳಿ ಪಡೆಯುವುದು ಒಳ್ಳೆಯದು. ಮಾಫಿ ಆದ ಮೇಲೂ ಪ್ರತಿ ವರ್ಷ ಬಿಲ್ಲು ತೆಗೆಸಿ ಇಟ್ಟುಕೊಳ್ಳಬೇಕು. ಬ್ಯಾಂಕಿನವರು ಬಾಕಿ ಇಲ್ಲದ ದಾಖಲೆ ಕೇಳಿದಾಗ ‘ನನಗೆ ತೆರಿಗೆಯೇ ಇಲ್ಲ’ ಎಂಬ ಬಾಯಿಮಾತು ಸಾಲುವುದಿಲ್ಲ.

ಇನ್ನು ಸಂಘ ಸಂಸ್ಥೆಗಳ ಪಾಲು. ಹೊರನಾಡಿನ ಕನ್ನಡ ಸಂಘಗಳು ರಾಜ್ಯೋತ್ಸವದ ವೇದಿಕೆಗೆ ಮಾಜಿ ಸೈನಿಕರನ್ನು ಕರೆದು ಶಾಲು ಹೊದಿಸುವುದನ್ನು ತಪ್ಪಿಸುವುದಿಲ್ಲ. ಅದು ನಡೆಯಲಿ. ಅದೇ ವೇದಿಕೆಗೆ ಬರುವ ಶಾಸಕರು, ಪಾಲಕ ಮಂತ್ರಿಗಳ ಕೈಗೆ ಒಂದು ಪುಟದ ಮನವಿಯನ್ನೂ ಕೊಡಬಹುದು. ಕೇಳಬೇಕಾದುದು ಎರಡೇ. ಸೇವೆಯ ಕಾರಣದಿಂದ ಅಂಗ ಊನವಾಯಿತೆಂದು ಪಿಂಚಣಿ ಆದೇಶದಲ್ಲಿ ನಮೂದಾದವರಿಗೆ ಮಾಫಿಯ ಮಟ್ಟಿಗೆ ವಾಸದ ವರ್ಷದ ಷರತ್ತು ಬೇಡ. ಅದು ಆಗದಿದ್ದರೆ, ಕಾಮ್ಟಿ, ಪುಲಗಾಂವ್, ದೇವಳಾಲಿ, ಪುಣೆಯಂಥ ಕಡೆ ಸೈನಿಕನಾಗಿ ಕಳೆದ ವರ್ಷಗಳನ್ನಾದರೂ ಮಹಾರಾಷ್ಟ್ರದ ವಾಸವೆಂದು ಎಣಿಸಲಿ. ಆ ವರ್ಷಗಳಿಗೆ ರೇಷನ್ ಕಾರ್ಡಿನ ಸಾಕ್ಷಿ ಬೇಕಿಲ್ಲ, ಸೈನ್ಯದ ರೆಕಾರ್ಡ್ ಆಫೀಸಿನಲ್ಲಿ ತಾರೀಕು ಸಮೇತ ಬರೆದಿದೆ. ತಮಿಳರು, ತೆಲುಗರು, ಬಿಹಾರದವರು, ನಾಗಪುರದ ಸುತ್ತ ನೆಲೆಸಿದ ಯಾವ ಹೊರಗಿನ ಯೋಧನಾದರೂ ಇದೇ ಸಾಲಿನಲ್ಲಿ ನಿಂತಿರುವುದರಿಂದ ಮನವಿಗೆ ಜೊತೆಗಾರರು ಸಿಗುವುದು ಕಷ್ಟವಲ್ಲ.

ಅಲ್ಲಿಯವರೆಗೆ ಗೋಕಾಕದ ಆ ನಾಯಕ್ ಪ್ರತಿ ವರ್ಷ ಕೌಂಟರಿನಲ್ಲಿ 4,000 ರೂ. ಕಟ್ಟಿ ರಸೀದಿ ತೆಗೆದುಕೊಳ್ಳಬೇಕು. ಆ ರಸೀದಿಯನ್ನು ಎಸೆಯಬಾರದು. 15 ವರ್ಷ ಇಲ್ಲಿ ವಾಸವಿದ್ದುದಕ್ಕೆ ತಹಶೀಲು ಕಚೇರಿಯಲ್ಲಿ ಮುಂದೊಂದು ದಿನ ತೋರಿಸಬೇಕಾದ ಪುರಾವೆಗಳಲ್ಲಿ ಅದೂ ಒಂದು.