ವಿದ್ಯಾಲಯದ ಆವರಣ ಯಾರದು?



ಮುಂಗಾರು ಕಾಲಿಟ್ಟಿತೆಂದರೆ ನಮ್ಮ ಮಲೆನಾಡಿನ ಕಾಲೇಜು, ವಿಶ್ವವಿದ್ಯಾಲಯಗಳ ಆವರಣಗಳಲ್ಲಿ ವನಮಹೋತ್ಸವದ ಸಡಗರ ಆರಂಭವಾಗುತ್ತದೆ. ನರ್ಸರಿಯಿಂದ ಸಸಿಗಳು ಬರುತ್ತವೆ, ಗುಂಡಿಗಳು ಮೊದಲೇ ಸಿದ್ಧವಾಗಿರುತ್ತವೆ. ಅತಿಥಿಗಳು ಸಸಿಗೆ ಕೈ ತಾಗಿಸುತ್ತಾರೆ, ಮಾಲಿ ಮಣ್ಣು ಮುಚ್ಚುತ್ತಾರೆ, ಮರುದಿನದ ಪತ್ರಿಕೆಯಲ್ಲಿ ಚಿತ್ರ ಬರುತ್ತದೆ. 1950ರಲ್ಲಿ ಅಂದಿನ ಕೇಂದ್ರ ಸಚಿವ ಕೆ. ಎಂ. ಮುನ್ಷಿಯವರು ಈ ಉತ್ಸವಕ್ಕೆ ಚಾಲನೆ ನೀಡಿದಾಗ ಅವರ ಮನಸ್ಸಿನಲ್ಲಿದ್ದ ಆಶಯ ದೊಡ್ಡದೇ. ಆದರೆ ಮುಂದಿನ ಮಾರ್ಚ್ ತಿಂಗಳಲ್ಲಿ ಅದೇ ಜಾಗಕ್ಕೆ ಹೋಗಿ ನೋಡಿದರೆ ಎಷ್ಟೋ ಗುಂಡಿಗಳಲ್ಲಿ ಒಣಗಿದ ಕಡ್ಡಿ ಮಾತ್ರ ನಿಂತಿರುತ್ತದೆ. ಮರುವರ್ಷ ಅದೇ ಗುಂಡಿ, ಅದೇ ಉತ್ಸವ.

ಸಸಿ ಏಕೆ ಬದುಕಲಿಲ್ಲವೆಂದು ಆ ಆವರಣದ ಮಾಲಿಯನ್ನೇ ಕೇಳಿ ನೋಡಿ. ಒಂದೂವರೆ ಅಡಿಯ ಕೆಳಗೆ ಮುರಕಲ್ಲಿನ ಹಾಸು ಇದೆಯೆಂದು ಅವರು ಹೇಳಿಯಾರು. ಯಾವ ಮೂಲೆಯಲ್ಲಿ ದನ ನುಗ್ಗುತ್ತದೆ, ಎಲ್ಲಿ ಗೆದ್ದಲು ಹೆಚ್ಚು, ಯಾವ ಬದಿಯಿಂದ ಬೇಸಿಗೆಯ ಬೆಂಕಿ ಹತ್ತಿ ಬರುತ್ತದೆ ಎಂಬುದೂ ಅವರಿಗೆ ಗೊತ್ತು. ಅವರಿಗೆ ಗೊತ್ತಿದ್ದುದನ್ನು ಯಾರೂ ಕೇಳಲಿಲ್ಲ, ಅಷ್ಟೆ. ವಿದ್ಯಾಲಯದ ಆವರಣವನ್ನು ಉತ್ತಮಗೊಳಿಸುವ ಕಾರ್ಯ ನಮ್ಮಲ್ಲಿ ಸೋಲುತ್ತಿರುವುದು ಹಣದ ಕೊರತೆಯೊಂದರಿಂದಲೇ ಅಲ್ಲ. ಅಲ್ಲಿ ದಿನವೂ ದುಡಿಯುವವರನ್ನೂ ಓದುವವರನ್ನೂ ಆಲೋಚನೆಯಿಂದ ಹೊರಗಿಟ್ಟು, ಕೇವಲ ಆಚರಣೆಗೆ ಕರೆಯುವ ಪದ್ಧತಿಯಿಂದ ಅದು ಸೋಲುತ್ತಿದೆ.

ಈ ಪ್ರಶ್ನೆ ಹೊಸದಲ್ಲ. 1915ರ ಮಾರ್ಚ್ ತಿಂಗಳಲ್ಲಿ ಬಂಗಾಳದ ಶಾಂತಿನಿಕೇತನಕ್ಕೆ ಬಂದಿದ್ದ ಗಾಂಧೀಜಿಯವರು ಅಲ್ಲಿಯ ಅಧ್ಯಾಪಕರ ಮತ್ತು ವಿದ್ಯಾರ್ಥಿಗಳ ಮುಂದೆ ಒಂದು ಸರಳ ಪ್ರಶ್ನೆಯನ್ನಿಟ್ಟರು. ಸಂಬಳದ ಅಡುಗೆಯವರನ್ನು ಬಿಟ್ಟು ನಿಮ್ಮ ಅಡುಗೆಯನ್ನು ನೀವೇ ಏಕೆ ಮಾಡಿಕೊಳ್ಳಬಾರದು? ಕೆಲವು ಅಧ್ಯಾಪಕರು ತಲೆಯಲ್ಲಾಡಿಸಿದರು. ವಿದ್ಯಾರ್ಥಿಗಳು ಉತ್ಸಾಹದಿಂದ ಒಪ್ಪಿದರು. ಅಧ್ಯಾಪಕರು ಒಪ್ಪುವುದಾದರೆ ತಮ್ಮ ಅಭ್ಯಂತರವಿಲ್ಲವೆಂದರು ರವೀಂದ್ರನಾಥ ಠಾಕೂರರು. ಅಡುಗೆಮನೆ, ಪಾತ್ರೆ, ಕಸ, ನೈರ್ಮಲ್ಯ ಎಲ್ಲಕ್ಕೂ ತಂಡಗಳಾದವು. ಪಾತ್ರೆ ತಿಕ್ಕುವವರ ಬೇಸರ ಕಳೆಯಲೆಂದು ಕೆಲವರು ಪಕ್ಕದಲ್ಲಿ ಕುಳಿತು ಸಿತಾರ್ ನುಡಿಸುತ್ತಿದ್ದರೆಂದು ಗಾಂಧೀಜಿಯವರೇ ತಮ್ಮ ಆತ್ಮಕಥೆಯಲ್ಲಿ ನೆನೆದಿದ್ದಾರೆ. ಆದರೆ ಕೆಲಕಾಲದ ಅನಂತರ ಆ ಪ್ರಯೋಗ ನಿಂತುಹೋಯಿತು ಎಂಬುದನ್ನೂ ಅವರು ಮುಚ್ಚಿಡಲಿಲ್ಲ.

ನಿಂತುಹೋದ ಆ ಪ್ರಯೋಗದಿಂದ ಉಳಿದುಕೊಂಡದ್ದು ಮಾರ್ಚ್ 10ರ ಒಂದು ದಿನ. 'ಗಾಂಧಿ ಪುಣ್ಯಾಹ'ವೆಂದು ಕರೆಯಲಾಗುವ ಆ ದಿನ ಅಡುಗೆಯವರಿಗೂ ಜಾಡಮಾಲಿಗಳಿಗೂ ಬಿಡುವು ಕೊಟ್ಟು, ಅವರ ಕೆಲಸವನ್ನು ಅಧ್ಯಾಪಕರೂ ವಿದ್ಯಾರ್ಥಿಗಳೂ ಕೈಗೆತ್ತಿಕೊಳ್ಳುವ ಸಂಪ್ರದಾಯ ಅಲ್ಲಿ ಬೆಳೆದುಬಂದಿತು. ಅದೇ ಶಾಂತಿನಿಕೇತನದಲ್ಲಿ 1928ರಲ್ಲಿ ಠಾಕೂರರು ವೃಕ್ಷಾರೋಪಣದ ಹಬ್ಬವನ್ನೂ ಆರಂಭಿಸಿದರು. ನಮ್ಮ ಮುರಕಲ್ಲಿನಂತೆಯೇ ಕೆಂಪಾಗಿ ಕೊರೆದುಹೋಗುತ್ತಿದ್ದ ಬರಡು ನೆಲವದು. ಈ ಎರಡು ಪ್ರಸಂಗಗಳಲ್ಲಿ ನಮಗೆ ಪಾಠವಿದೆ. ಉತ್ಸಾಹ ಎಷ್ಟೇ ಪ್ರಾಮಾಣಿಕವಾಗಿದ್ದರೂ ಅದಕ್ಕೊಂದು ಕ್ರಮ, ಒಂದು ಪಾಳಿ, ಒಂದು ನಿಯಮ ದೊರೆಯದಿದ್ದರೆ ಅದು ಹೆಚ್ಚು ಕಾಲ ಉಳಿಯಲಾರದು. ಸಂಸ್ಥೆಯ ನಡವಳಿಕೆಯಾಗಿ ಬೇರೂರಿದ್ದು ಮಾತ್ರ ತಲೆಮಾರು ದಾಟುತ್ತದೆ.

ತಲೆಮಾರಿನ ಈ ಮಾತು ವಿಶ್ವವಿದ್ಯಾಲಯಕ್ಕೆ ವಿಶೇಷವಾಗಿ ಅನ್ವಯಿಸುತ್ತದೆ. ಸ್ನಾತಕೋತ್ತರ ವಿದ್ಯಾರ್ಥಿ ಅಲ್ಲಿರುವುದು ಎರಡು ವರ್ಷ. ನಮ್ಮ ರಾಜ್ಯದ ಕಾನೂನಿನಂತೆ ಕುಲಪತಿಗಳ ಅವಧಿ ನಾಲ್ಕು ವರ್ಷ. ಒಂದು ಹಲಸಿನ ಸಸಿ ಚೆನ್ನಾಗಿ ಫಲ ಕೊಡುವಷ್ಟರಲ್ಲಿ ಇವರೆಲ್ಲರೂ ಹೊರಟುಹೋಗಿರುತ್ತಾರೆ. ಹಾಗಾದರೆ ಉಳಿಯುವವರು ಯಾರು? ಮಾಲಿಗಳು, ಕಾವಲುಗಾರರು, ಪಂಪು ನೋಡಿಕೊಳ್ಳುವವರು, ವಿದ್ಯಾರ್ಥಿನಿಲಯದ ಅಡುಗೆಯವರು, ಪ್ರಯೋಗಾಲಯದ ಸಹಾಯಕರು, ಗುಮಾಸ್ತರು ಮತ್ತು ಸುತ್ತಲಿನ ಹಳ್ಳಿಯ ಜನ. ಹೋಗುವವರಲ್ಲಿ ಹೊಸ ಓದಿದೆ, ಪ್ರಶ್ನೆ ಕೇಳುವ ಧೈರ್ಯವಿದೆ, ತೋಳಿನ ಬಲವಿದೆ. ಉಳಿಯುವವರಲ್ಲಿ ನೆನಪಿದೆ, ನೆಲದ ಅರಿವಿದೆ. ಈ ಎರಡನ್ನೂ ಒಂದೆಡೆ ಕೂಡಿಸದೆ ಯಾವ ಆವರಣವೂ ಸುಧಾರಿಸದು ಎಂಬುದು ನಮ್ಮ ಖಚಿತ ಅಭಿಪ್ರಾಯ.

ಈಚಿನ ವರ್ಷಗಳಲ್ಲಿ ಇನ್ನೊಂದು ತೊಡಕೂ ಸೇರಿಕೊಂಡಿದೆ. ತೋಟಗಾರಿಕೆ, ಶುಚಿತ್ವ, ಕಾವಲು ಎಲ್ಲವನ್ನೂ ಹೊರಗುತ್ತಿಗೆಗೆ ಒಪ್ಪಿಸುವ ಪರಿಪಾಠ ಬೆಳೆದಿದೆ. ಗುತ್ತಿಗೆ ಬದಲಾದಾಗ ಆಳುಗಳೂ ಬದಲಾಗುತ್ತಾರೆ, ಅವರೊಂದಿಗೆ ಆವರಣದ ನೆನಪೂ ಗೇಟು ದಾಟಿ ಹೋಗುತ್ತದೆ. ಯಾವ ಕೊಳವೆ ಎಲ್ಲಿ ಹೂತಿದೆಯೆಂಬುದನ್ನು ತಿಳಿದವರೇ ಇಲ್ಲದ ಸಂಸ್ಥೆಯಲ್ಲಿ ನೀರು ಸೋರುವುದು ಆಶ್ಚರ್ಯವಲ್ಲ. ನಾಳೆಯ ನೌಕರಿಯೇ ಖಾತ್ರಿಯಿಲ್ಲದವರಿಗೆ ಹತ್ತು ವರ್ಷ ಮುಂದಿನ ಮರದ ಬಗ್ಗೆ ಪ್ರವಚನ ಮಾಡುವುದು ನ್ಯಾಯವೂ ಅಲ್ಲ. ಆವರಣದ ಪರಿಸರವನ್ನು ಕುರಿತು ಮಾತನಾಡುವ ವಿದ್ಯಾರ್ಥಿಗಳು ಅಲ್ಲಿ ಪೊರಕೆ ಹಿಡಿದವರ ಕೂಲಿಯನ್ನೂ ಕೈಗವಸನ್ನೂ ಕುರಿತು ಮಾತನಾಡಲೇಬೇಕು. ಕುವೆಂಪು ಅವರು ತಮ್ಮ 'ಜಲಗಾರ' ನಾಟಕದಲ್ಲಿ ಕಸ ಗುಡಿಸುವವನ ಮುಂದೆ ಶಿವನನ್ನೇ ಜಲಗಾರನಾಗಿ ತಂದು ನಿಲ್ಲಿಸಿದರು. ಅವರ ಹೆಸರನ್ನು ಹೊತ್ತ ವಿಶ್ವವಿದ್ಯಾಲಯವೊಂದು 1987ರಿಂದ ನಮ್ಮ ಮಲೆನಾಡಿನಲ್ಲಿಯೇ, ಭದ್ರಾ ಜಲಾಶಯಕ್ಕೆ ಸಮೀಪದ ಶಂಕರಘಟ್ಟದಲ್ಲಿದೆ. ಅಂತಹ ನಾಡಿನ ವಿದ್ಯಾವಂತರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಾಗಾದರೆ ವಿದ್ಯಾರ್ಥಿಗಳೂ ಸಿಬ್ಬಂದಿಯೂ ಕೂಡಿ ಮಾಡಬಹುದಾದುದೇನು? ಮೊದಲನೆಯದು, ಅರಿಯುವುದು. 1990ರ ದಶಕದಲ್ಲಿ ಮಾಧವ ಗಾಡ್ಗೀಳರು ಪಶ್ಚಿಮ ಘಟ್ಟದ ಜೀವವೈವಿಧ್ಯದ ಅಧ್ಯಯನಕ್ಕಾಗಿ ಕಟ್ಟಿದ ಜಾಲದಲ್ಲಿ ಪಾಲ್ಗೊಂಡವರು ದೊಡ್ಡ ದೊಡ್ಡ ಸಂಶೋಧಕರಷ್ಟೇ ಅಲ್ಲ. ಸಣ್ಣ ಊರುಗಳ ಕಾಲೇಜು ಅಧ್ಯಾಪಕರೂ ಅವರ ವಿದ್ಯಾರ್ಥಿಗಳೂ ಅದರ ಬೆನ್ನೆಲುಬಾಗಿದ್ದರು. ಹಳ್ಳಿಯ ಜನರ ಅರಿವನ್ನು ದಾಖಲಿಸುವ ಜೀವವೈವಿಧ್ಯ ದಾಖಲಾತಿಯ ಕಲ್ಪನೆಯೂ ಆ ಕಾಲದಲ್ಲಿಯೇ ಬೆಳೆಯಿತು. 2002ರ ಜೀವವೈವಿಧ್ಯ ಕಾಯಿದೆ ಬಂದ ಮೇಲೆ ಅದು ಸ್ಥಳೀಯ ಸಮಿತಿಗಳ ಕರ್ತವ್ಯವೇ ಆಯಿತು. ಒಂದು ಗ್ರಾಮ ಪಂಚಾಯಿತಿ ಮಾಡಬೇಕಾದ ಕೆಲಸವನ್ನು ನೂರಾರು ಎಕರೆಯ ವಿದ್ಯಾಲಯವೇಕೆ ತನ್ನ ನೆಲಕ್ಕಾಗಿ ಮಾಡಿಕೊಳ್ಳಬಾರದು? 2015ರಿಂದ ಪ್ರತಿ ಫೆಬ್ರವರಿಯಲ್ಲಿ ದೇಶದ ಹಲವು ವಿದ್ಯಾಲಯಗಳಲ್ಲಿ ನಡೆಯುತ್ತಿರುವ ಆವರಣ ಪಕ್ಷಿಗಣತಿ ಇದಕ್ಕೊಂದು ಸುಲಭವಾದ ಆರಂಭ. ಅದಕ್ಕೆ ಬೇಕಾದುದು ಕಣ್ಣು, ಕಿವಿ, ಒಂದು ಪುಸ್ತಕ ಮತ್ತು ಬೆಳಗಿನ ಜಾವ ಏಳುವ ಮನಸ್ಸು. ಯಾವ ಮರದಲ್ಲಿ ಮಂಗಟ್ಟೆ ಕೂರುತ್ತದೆಂಬುದನ್ನು ರಾತ್ರಿಪಾಳಿ ಮುಗಿಸಿ ಹೊರಟ ಕಾವಲುಗಾರರನ್ನು ಕೇಳಿದರೆ ಗಣತಿ ಇನ್ನೂ ಸಮೃದ್ಧವಾದೀತು.

ಎರಡನೆಯದು ನೀರು. ಲೆಕ್ಕ ಬಹಳ ಸರಳ. ಒಂದು ಚದರ ಮೀಟರ್ ಚಾವಣಿಯ ಮೇಲೆ ಒಂದು ಮಿಲಿಮೀಟರ್ ಮಳೆ ಸುರಿದರೆ ಒಂದು ಲೀಟರ್ ನೀರು. ವರ್ಷಕ್ಕೆ 2000 ಮಿಲಿಮೀಟರ್ ಮಳೆ ಬೀಳುವೆಡೆ 1000 ಚದರ ಮೀಟರ್ ಚಾವಣಿಯ ವಿದ್ಯಾರ್ಥಿನಿಲಯದ ಮೇಲೆ 20 ಲಕ್ಷ ಲೀಟರ್ ಸುರಿಯುತ್ತದೆ. ಐದರಲ್ಲೊಂದು ಪಾಲು ವ್ಯರ್ಥವಾಯಿತೆಂದರೂ ಉಳಿಯುವುದು 16 ಲಕ್ಷ. ತಲಾ 100 ಲೀಟರ್ ಬಳಸುವ 200 ವಿದ್ಯಾರ್ಥಿಗಳಿಗೆ ಇದು 80 ದಿನಗಳ ನೀರು! ಅಷ್ಟನ್ನೂ ಕೂಡಿಡುವ ತೊಟ್ಟಿ ಕಟ್ಟಲಾಗದು, ನಿಜ. ಒಂದಿಷ್ಟನ್ನು ಕೂಡಿಡಬಹುದು, ಉಳಿದುದನ್ನು ತಕ್ಕ ಜಾಗದಲ್ಲಿ ಇಂಗಿಸಬಹುದು. ಆದರೆ 2018ರಲ್ಲಿ ಕೊಡಗಿನ ಗುಡ್ಡಗಳು ಕುಸಿದುದನ್ನು ಕಂಡ ನಾವು ಕಡಿದಾದ ಇಳಿಜಾರಿನಲ್ಲಿ ಕಂಡಕಂಡಲ್ಲಿ ಗುಂಡಿ ತೋಡಲಾಗದು. ಎಲ್ಲಿ ಇಂಗಿಸಬೇಕು, ಎಲ್ಲಿ ಹರಿಯಬಿಡಬೇಕೆಂಬುದನ್ನು ಭೂವಿಜ್ಞಾನದ ಅಧ್ಯಾಪಕರೂ ಆ ಇಳಿಜಾರಿನ ಹಳೆಯ ರೈತರೂ ಕೂಡಿ ನಿರ್ಧರಿಸಬೇಕು.

ಮೂರನೆಯದು ಮಣ್ಣು ಮತ್ತು ಮರ. ಬೇಸಿಗೆಯಲ್ಲಿ ದರಗನ್ನು ಗುಡ್ಡೆ ಹಾಕಿ ಬೆಂಕಿ ಕೊಡುವ ಅಭ್ಯಾಸ ನಮ್ಮ ಆವರಣಗಳಲ್ಲಿ ಇನ್ನೂ ಇದೆ. ದರಗನ್ನು ಹೊರೆ ಹೊರೆಯಾಗಿ ಹೊತ್ತು ತಂದು ಕೊಟ್ಟಿಗೆಗೆ ಹಾಸಿ ಗೊಬ್ಬರ ಮಾಡುವ ನಾಡಿನಲ್ಲಿ ವಿದ್ಯಾವಂತರು ಅದನ್ನು ಸುಡುವುದು ಎಂತಹ ವಿಪರ್ಯಾಸ! ವಿದ್ಯಾರ್ಥಿನಿಲಯದ ಅಡುಗೆಮನೆಯ ಹಸಿ ಕಸವನ್ನೂ ದರಗನ್ನೂ ಪದರ ಪದರವಾಗಿ ಒಟ್ಟಿದರೆ ಸಸಿಗಳಿಗೆ ಬೇಕಾದ ಗೊಬ್ಬರ ಅಲ್ಲಿಯೇ ಸಿಗುತ್ತದೆ. ಹಾಗೆಯೇ, ಬೇಗ ಹಸಿರು ಕಾಣಬೇಕೆಂಬ ಆತುರದಲ್ಲಿ ಅಕೇಶಿಯಾ ನೆಟ್ಟ ಜಾಗಗಳನ್ನು ಹಂತಹಂತವಾಗಿ ಹೊನ್ನೆ, ಮತ್ತಿ, ನೇರಳೆ, ಮುರುಗಲು, ಹಲಸುಗಳಿಗೆ ಬಿಟ್ಟುಕೊಡಬೇಕು. ಮೈಸೂರು ಸಂಸ್ಥಾನ ನೀಡಿದ 371 ಎಕರೆಯಲ್ಲಿ 1909ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಇಂದು ಹಕ್ಕಿ ಚಿಟ್ಟೆಗಳ ಆಶ್ರಯವಾಗಿರುವುದು ಒಂದು ದಿನದ ಉತ್ಸವದಿಂದಲ್ಲ. ಅದು ದಶಕಗಳ ನೆಡುವಿಕೆ ಮತ್ತು ಆರೈಕೆಯ ಫಲ.

'ಇವೆಲ್ಲಕ್ಕೆ ವಿದ್ಯಾರ್ಥಿಗಳಿಗೆ ಸಮಯವೆಲ್ಲಿದೆ?' ಎಂದು ಕೆಲವು ಅಧ್ಯಾಪಕರು ಕೇಳುತ್ತಾರೆ. ಸಮಯವನ್ನು ಪಠ್ಯಕ್ರಮವೇ ಕೊಟ್ಟಿದೆ. ಎಂ. ಸಿ. ಮೆಹ್ತಾ ಅವರ ಅರ್ಜಿಯ ಮೇಲೆ ಸರ್ವೋಚ್ಚ ನ್ಯಾಯಾಲಯ 1991ರಲ್ಲಿ ನೀಡಿದ ತೀರ್ಪಿನಿಂದಾಗಿ ಪರಿಸರ ಶಿಕ್ಷಣ ಕಡ್ಡಾಯವಾಗುವ ದಾರಿ ತೆರೆಯಿತು. ಅದು ಪದವಿ ತರಗತಿಗಳಿಗೆ ಬಂದು ಎರಡು ದಶಕಗಳು ಕಳೆದಿವೆ. ಆದರೆ ಆ ವಿಷಯದ ಕ್ಷೇತ್ರಕಾರ್ಯದ ವರದಿಗಳಲ್ಲಿ ಎಷ್ಟು ನೆರಳಚ್ಚು ಅಂಗಡಿಗಳಲ್ಲಿ ಹುಟ್ಟುತ್ತವೆಂಬುದು ವಿದ್ಯಾರ್ಥಿಗಳಿಗೇ ತಿಳಿದ ಗುಟ್ಟು. ರಾಷ್ಟ್ರೀಯ ಸೇವಾ ಯೋಜನೆಯ ಸ್ವಯಂಸೇವಕರು ವರ್ಷಕ್ಕೆ 120 ಗಂಟೆ ದುಡಿಯಬೇಕೆಂಬ ನಿಯಮವಿದೆ. ಶಿಬಿರಕ್ಕೆಂದು ದೂರದ ಹಳ್ಳಿಗೆ ಹೋಗಿ ಚರಂಡಿ ಬಳಿಯುವ ಇವರದೇ ವಿದ್ಯಾರ್ಥಿನಿಲಯದ ಕೊಳಚೆ ಪಕ್ಕದ ಹಳ್ಳಿಯ ಹಳ್ಳಕ್ಕೆ ಸೇರುತ್ತಿದ್ದರೆ ಆ ಸೇವೆಗೆ ಅರ್ಥವೇನು? ಆವರಣದ ನೀರಿನ ಲೆಕ್ಕ, ಕಸದ ತೂಕ, ಬದುಕುಳಿದ ಸಸಿಗಳ ಎಣಿಕೆ ಇವೇ ಅವರ ಪ್ರಾಜೆಕ್ಟ್ ಆಗಲಿ. ಅದಕ್ಕೆ ಅಂಕವೂ ಸಿಗಲಿ.

ಹಳ್ಳಿಯ ಬಂಧುಗಳು ಇದು ಓದುವ ಮಕ್ಕಳ ವಿಷಯವೆಂದು ಸುಮ್ಮನಿರಬಾರದು. ಗುಡ್ಡದ ಮೇಲಿನ ವಿದ್ಯಾಲಯದ ನೀರು ಇಳಿಯುವುದು ಕೆಳಗಿನ ಗದ್ದೆಗೆ, ತೋಟದ ಬಾವಿಗೆ. ಅಲ್ಲಿ ಕೊಳವೆಬಾವಿ ಆಳವಾದಷ್ಟೂ ಇಲ್ಲಿಯ ಬಾವಿ ಬರಿದಾಗುವ ಭಯವಿದೆ. ಎಷ್ಟೋ ಆವರಣಗಳ ನೆಲ ಒಂದು ಕಾಲಕ್ಕೆ ಊರಿನ ಗೋಮಾಳವೋ ಕಾನಿನ ಅಂಚೋ ಆಗಿತ್ತೆಂಬುದನ್ನೂ ಮರೆಯಲಾಗದು. ಆದ್ದರಿಂದ ಆ ನೆಲದ ಮೇಲೆ ಏನಾಗಬೇಕೆಂದು ಕೇಳುವ ಹಕ್ಕು ಊರಿಗಿದೆ, ಬೇಸಿಗೆಗೆ ಮುನ್ನ ಬೆಂಕಿರೇಖೆ ಸವರಲು ಕೈಜೋಡಿಸುವ ಹೊಣೆಯೂ ಇದೆ.

ನಮ್ಮ ಸೂಚನೆಗಳು ದೊಡ್ಡವೇನಲ್ಲ. ಪ್ರತಿ ವಿದ್ಯಾಲಯದಲ್ಲೂ ತಿಂಗಳಿಗೊಮ್ಮೆ ಒಂದು ಆವರಣ ಸಭೆ ಸೇರಲಿ. ಅಲ್ಲಿ ಮಾಲಿಗೂ ಪ್ರಾಧ್ಯಾಪಕರಿಗೂ ವಿದ್ಯಾರ್ಥಿಗೂ ಊರಿನ ಪ್ರತಿನಿಧಿಗೂ ಒಂದೇ ಬಗೆಯ ಕುರ್ಚಿ ಇರಲಿ. ಆ ಸಭೆಯ ತೀರ್ಮಾನದಂತೆ ಖರ್ಚು ಮಾಡಲು ಚಿಕ್ಕದಾದರೂ ಒಂದು ಮೊತ್ತವನ್ನು ಆಯವ್ಯಯದಲ್ಲಿ ತೆಗೆದಿಡಲಿ. ಕೈಯಲ್ಲಿ ಅಧಿಕಾರವಿಲ್ಲದ ಸಮಿತಿಯ ಸಭೆಗೆ ಮೂರನೆಯ ಬಾರಿ ಯಾರೂ ಬರುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಒಂದು ದಪ್ಪ ಪುಸ್ತಕ ಇರಲಿ. ಯಾವ ಸಸಿಯನ್ನು ಎಲ್ಲಿ ನೆಟ್ಟೆವು, ಯಾವುದು ಏಕೆ ಸತ್ತಿತು, ಬಾವಿಯ ನೀರು ಏಪ್ರಿಲಿನಲ್ಲಿ ಎಷ್ಟು ಅಡಿಗೆ ಇಳಿಯಿತು ಎಂಬುದನ್ನು ಅದರಲ್ಲಿ ಬರೆಯಲಿ. ಹೊರಡುವ ತಂಡ ಬರುವ ತಂಡಕ್ಕೆ ಆ ಪುಸ್ತಕವನ್ನು ಒಪ್ಪಿಸಿ ಹೋಗಲಿ. ಬರೆಯಲಾಗದ ಹಿರಿಯ ನೌಕರರ ಮಾತನ್ನು ವಿದ್ಯಾರ್ಥಿಗಳು ಬರೆದುಕೊಳ್ಳಲಿ.

ಈ ಮಳೆಗಾಲದಲ್ಲಿ ಸಾವಿರ ಸಸಿ ನೆಟ್ಟೆವೆಂಬ ಸುದ್ದಿಗಿಂತ, ಕಳೆದ ವರ್ಷ ನೆಟ್ಟ ನೂರರಲ್ಲಿ ಎಷ್ಟು ಬದುಕಿವೆಯೆಂಬ ಸುದ್ದಿಗಾಗಿ ನಾವು ಕಾಯುತ್ತೇವೆ. ನಿಮ್ಮ ವಿದ್ಯಾಲಯದ ಲೆಕ್ಕವನ್ನು ಬರೆದು ಕಳುಹಿಸಿ. ಸಂಖ್ಯೆ ಚಿಕ್ಕದಾಗಿದ್ದರೆ ಸಂಕೋಚ ಬೇಡ, ಎಣಿಸಿದವರ ಹೆಸರಿನಲ್ಲಿ ಮಾಲಿಯ ಹೆಸರೂ ಇರಲಿ.